ಶಿರಸಿ ದೊಡ್ಡಪ್ಪ ಹಂಚಿದ ಚಿತ್ರ

ಗುಂಪು: ಮನೆ ಮಂದಿ
2025ರ ಜುಲೈ 20, ಭಾನುವಾರ

ಶಿರಸಿ ದೊಡ್ಡಪ್ಪ, ಬೆಳಿಗ್ಗೆ 6:48
[ಹಲವು ಬಾರಿ ರವಾನೆಯಾದ ಚಿತ್ರ. ಹಿಂದೆ ವಿಶ್ವಸಂಸ್ಥೆಯ ನೀಲಿ ಬಾವುಟ, ಮುಂದೆ ಕೆಂಪು ಅಕ್ಷರಗಳು: “ಪಾಕಿಸ್ತಾನ ಭಯೋತ್ಪಾದಕ ರಾಷ್ಟ್ರ. ವಿಶ್ವಸಂಸ್ಥೆಯ ಅಧಿಕೃತ ಘೋಷಣೆ!”]
ಎಲ್ಲರೂ ತಪ್ಪದೇ ಓದಿರಿ. ಕೊನೆಗೂ ಜಗತ್ತಿಗೆ ಬುದ್ಧಿ ಬಂತು. ಇನ್ನು ದೆಹಲಿಯಲ್ಲಿರುವ ಅವರ ರಾಯಭಾರ ಕಚೇರಿಗೆ (ಹೈಕಮಿಷನ್ನಿಗೆ) ಬೀಗ ಜಡಿದು, ಇಸ್ಲಾಮಾಬಾದಿನಲ್ಲಿರುವ ನಮ್ಮವರನ್ನು ಕರೆಸಿಕೊಂಡರೆ ಒಂದು ಅಧ್ಯಾಯ ಮುಗಿದಂತೆ.

ನಾನು, 7:35
ದೊಡ್ಡಪ್ಪ, ಚಿತ್ರದಲ್ಲಿರುವುದು ಬೇರೆ, ನಡೆದದ್ದು ಬೇರೆ. ಮೊನ್ನೆ 17ರಂದು ಘೋಷಣೆ ಹೊರಡಿಸಿದ್ದು ಅಮೆರಿಕದ ವಿದೇಶಾಂಗ ಇಲಾಖೆಯೇ ಹೊರತು ವಿಶ್ವಸಂಸ್ಥೆಯಲ್ಲ. ಅದು ಹೆಸರಿಸಿದ್ದು ಕೂಡ ಪಾಕಿಸ್ತಾನವನ್ನಲ್ಲ, ‘ದಿ ರೆಸಿಸ್ಟೆನ್ಸ್ ಫ್ರಂಟ್’ ಎಂಬ ಸಂಘಟನೆಯನ್ನು. ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಜನರನ್ನು ಕೊಂದದ್ದು ತಾನೇ ಎಂದು ಮೊದಲು ಹೇಳಿಕೊಂಡು, ಆಮೇಲೆ ಮಾತು ತಿರುಗಿಸಿದ ಗುಂಪು ಅದು. ಲಷ್ಕರ್-ಎ-ತಯಬಾದ ಇನ್ನೊಂದು ಮುಖವೇ ಇದು ಎಂಬ ಕಾರಣಕ್ಕೆ, 2001ರ ಡಿಸೆಂಬರಿನಿಂದ ಅಮೆರಿಕದ ಪಟ್ಟಿಯಲ್ಲಿರುವ ಲಷ್ಕರ್ ಹೆಸರಿನೊಂದಿಗೇ ಇದನ್ನೂ ಸೇರಿಸಿದ್ದಾರೆ. ನಮ್ಮ ಸರ್ಕಾರ ಯುಎಪಿಎ ಎಂಬ ಭಯೋತ್ಪಾದನಾ ವಿರೋಧಿ ಕಾಯ್ದೆಯಡಿ 2023ರ ಜನವರಿಯಲ್ಲೇ ಇದನ್ನು ನಿಷೇಧಿಸಿತ್ತು. ವಿಶ್ವಸಂಸ್ಥೆಯಲ್ಲಾದರೋ, ಒಂದು ದೇಶವನ್ನೇ ಭಯೋತ್ಪಾದಕ ಎಂದು ಬರೆದಿಡುವ ಪಟ್ಟಿಯೇ ಇಲ್ಲ. ಅದಿರಲಿ, ಈ ಜುಲೈ ತಿಂಗಳು ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿ ಕುಳಿತಿರುವುದೇ ಪಾಕಿಸ್ತಾನ.

ಶಿರಸಿ ದೊಡ್ಡಪ್ಪ, 7:52
ತಂಗಿ, ನೀನು ಅಕ್ಷರ ಹಿಡಿದು ಮಾತನಾಡುತ್ತೀಯೆ, ನಾನು ಅರ್ಥ ಹಿಡಿದು. ನಾಯಿಯ ಹೆಸರು ಬರೆದರೇನು, ಸಾಕಿದವನ ಹೆಸರು ಬರೆದರೇನು? ಪಹಲ್ಗಾಮಿನ ಬಗ್ಗೆ ಭದ್ರತಾ ಮಂಡಳಿ ಹೊರಡಿಸಿದ ಹೇಳಿಕೆಯಲ್ಲಿ ಈ ಸಂಘಟನೆಯ ಹೆಸರು ಬಾರದಂತೆ ನೋಡಿಕೊಂಡದ್ದು ನಾವೇ ಎಂದು ಅವರ ವಿದೇಶಾಂಗ ಮಂತ್ರಿ ತಮ್ಮ ಸಂಸತ್ತಿನಲ್ಲೇ ಹೇಳಿಕೊಂಡರಲ್ಲ! ಪಕ್ಕದ ಶಿವಮೊಗ್ಗದವರೊಬ್ಬರು ಹೆಂಡತಿ ಮಗನೊಂದಿಗೆ ಪ್ರವಾಸಕ್ಕೆ ಹೋದವರು ಹೆಣವಾಗಿ ಮರಳಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಇಷ್ಟಾದ ಮೇಲೂ ಆ ದೇಶದೊಡನೆ ಕಚೇರಿ, ಕುರ್ಚಿ, ಕಾಗದಪತ್ರ ಯಾಕೆ ಬೇಕು?

ಬೆಂಗಳೂರು ಅಣ್ಣ, 8:20
ಅಪ್ಪ, ದೇಶಗಳನ್ನೇ ಹೆಸರಿಸುವ ಪಟ್ಟಿ ಇರುವುದು ಅಮೆರಿಕದಲ್ಲಿ. ಅದಕ್ಕೆ ‘ಭಯೋತ್ಪಾದನೆಯ ಪ್ರಾಯೋಜಕ ರಾಷ್ಟ್ರಗಳು’ ಎನ್ನುತ್ತಾರೆ. ಪಾಕಿಸ್ತಾನ ಅದರಲ್ಲಿ ಯಾವತ್ತೂ ಇರಲಿಲ್ಲ, ಈಗಲೂ ಇಲ್ಲ. ಆದರೆ ಅಮೆರಿಕದ ತೀರದಿಂದ 90 ಮೈಲಿ ದೂರದ ಕ್ಯೂಬಾ ಇದೆ. ಆ ಪಟ್ಟಿ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ನೋಡಿ. ಕ್ಯೂಬಾವನ್ನು 1982ರಲ್ಲಿ ಸೇರಿಸಿದರು, 2015ರಲ್ಲಿ ತೆಗೆದರು, 2021ರ ಜನವರಿಯಲ್ಲಿ ಟ್ರಂಪ್ ಅಧಿಕಾರ ಬಿಡುವ ಹೊತ್ತಿಗೆ ಮತ್ತೆ ಸೇರಿಸಿದರು. ಈ ವರ್ಷ ಜನವರಿ 14ರಂದು ಬೈಡನ್ ತೆಗೆಯುವುದಾಗಿ ಪ್ರಕಟಿಸಿದರು, 20ರಂದು ಟ್ರಂಪ್ ಬಂದು ಕುಳಿತ ದಿನವೇ ಅದನ್ನು ರದ್ದು ಮಾಡಿದರು. ಆ ಆರು ದಿನಗಳಲ್ಲಿ ಕ್ಯೂಬಾ ಭಯೋತ್ಪಾದನೆ ಬಿಟ್ಟು ಮತ್ತೆ ಹಿಡಿಯಿತೇ? ಈ ಪಟ್ಟಿಗಳೆಲ್ಲ ದೊಡ್ಡವರ ಇಸ್ಪೀಟು ಆಟ. ನೀವು ಸಂಭ್ರಮಿಸುವುದೂ ಬೇಡ, ತಂಗಿ ವಿವರಿಸುವುದೂ ಬೇಡ.

ನಾನು, 8:58
ಅಣ್ಣ, ಇಸ್ಪೀಟು ಆಟ ಎಂದು ತಳ್ಳಿಹಾಕುವುದನ್ನೂ ನಾನು ಒಪ್ಪಲಾರೆ. ನಾನು ದಿನವೂ ಕೂರುವುದು ಈ ಪಟ್ಟಿಗಳ ಕೊನೆಯ ತುದಿಯಲ್ಲಿ. ಭಯೋತ್ಪಾದಕರ ಮೇಲೆ ನಿರ್ಬಂಧ ಹೇರುವ ಭದ್ರತಾ ಮಂಡಳಿಯ 1267 ಸಮಿತಿ ಒಂದು ಹೆಸರನ್ನು ಸೇರಿಸಿದರೆ, ಅದು ವಿದೇಶಾಂಗ ಸಚಿವಾಲಯ, ರಿಸರ್ವ್ ಬ್ಯಾಂಕು ಎಂದು ಇಳಿದು ಇಳಿದು, ನಮ್ಮ ಬ್ಯಾಂಕ್ ಶಾಖೆಯ ಗಣಕಯಂತ್ರದವರೆಗೂ ಬರುತ್ತದೆ. ಯುಎಪಿಎ 51ಎ ಕಲಮಿನ ಪ್ರಕಾರ ಆ ಹೆಸರಿನ ಖಾತೆ ಸಿಕ್ಕಿದರೆ ಹಣವನ್ನು ಅಲ್ಲೇ ತಡೆಹಿಡಿಯಬೇಕು.

ಕಳೆದ ವರ್ಷ ಹೊನ್ನಾವರ ಕಡೆಯ ಒಬ್ಬ ಅಜ್ಜನಿಗೆ ಮಸ್ಕತ್ತಿನಿಂದ ಮಗ ಕಳಿಸಿದ ಹಣ ಹೀಗೇ ನಿಂತುಬಿಟ್ಟಿತು. ಮಗನ ಹೆಸರು ಪಟ್ಟಿಯಲ್ಲಿದ್ದ ಯಾರದೋ ಅಡ್ಡಹೆಸರಿಗೆ ಹೊಂದುತ್ತಿತ್ತು, ಅಷ್ಟೇ. ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟುಕೊಂಡು ಅವರು ನಾಲ್ಕು ದಿನ ನಮ್ಮ ಬೆಂಚಿನ ಮೇಲೆ ಕುಳಿತರು. ‘ನನ್ನ ಮಗ ಏನು ಮಾಡಿದ್ದಾನೆ, ಅಮ್ಮಾ?’ ಎಂದು ಒಮ್ಮೆ ಮಾತ್ರ ಕೇಳಿದರು. ಹುಟ್ಟಿದ ದಿನಾಂಕ, ತಂದೆಯ ಹೆಸರು, ಪಾಸ್‌ಪೋರ್ಟಿನ ಪ್ರತಿ ಎಲ್ಲ ಮೇಲಿನ ಕಚೇರಿಗೆ ಹೋಗಿ, ಇವನು ಅವನಲ್ಲ ಎಂದು ಐದನೆಯ ದಿನ ತೀರ್ಮಾನವಾಯಿತು. ಪಟ್ಟಿ ಬರಿಯ ಕಾಗದವಾಗಿದ್ದರೆ ಅಜ್ಜ ಅಲ್ಲಿ ಕೂರಬೇಕಾಗಿರಲಿಲ್ಲ.

ಹಾಗೆಂದು ಅದು ಬ್ರಹ್ಮಾಸ್ತ್ರವೂ ಅಲ್ಲ, ದೊಡ್ಡಪ್ಪ. 1267 ಸಮಿತಿಯಲ್ಲಿ 15 ಸದಸ್ಯರೂ ಒಪ್ಪಬೇಕು, ಒಬ್ಬರು ತಡೆದರೂ ಕಡತ ಅಲ್ಲೇ ಮಲಗುತ್ತದೆ. ಜೈಶ್-ಎ-ಮೊಹಮ್ಮದ್ 2001ರಲ್ಲೇ ಪಟ್ಟಿಗೆ ಬಂದರೂ, ಅದನ್ನು ಕಟ್ಟಿದ ಮಸೂದ್ ಅಜರ್ ಹೆಸರು ಬರುವುದಕ್ಕೆ 2019ರ ಮೇ 1ರವರೆಗೆ ಕಾಯಬೇಕಾಯಿತು. ಪ್ರತಿ ಸಲವೂ ಅಡ್ಡಗಾಲು ಹಾಕಿದ್ದು ಚೀನಾ. ಲಷ್ಕರ್ ಕಟ್ಟಿದ ಹಫೀಜ್ ಸಯೀದ್ ಹೆಸರು ಮುಂಬೈ ದಾಳಿಯಾದ ಮರುತಿಂಗಳೇ, 2008ರ ಡಿಸೆಂಬರಿನಲ್ಲಿ, ಪಟ್ಟಿಗೆ ಸೇರಿತು. ಆದರೂ ಆ ಮನುಷ್ಯ ಎಷ್ಟೋ ವರ್ಷ ಲಾಹೋರಿನಲ್ಲಿ ಸಭೆ ಮಾಡುತ್ತಿದ್ದ. ಮನೆ ಖರ್ಚಿಗೆಂದು ತಿಂಗಳಿಗೆ ಒಂದೂವರೆ ಲಕ್ಷ ಪಾಕಿಸ್ತಾನಿ ರೂಪಾಯಿ ತೆಗೆಯಲು 2019ರಲ್ಲಿ ಅದೇ ಸಮಿತಿಯೇ ಒಪ್ಪಿಗೆ ಕೊಟ್ಟಿತು. ಪಾಕಿಸ್ತಾನದ ನ್ಯಾಯಾಲಯ ಅವನಿಗೆ ಶಿಕ್ಷೆ ವಿಧಿಸಿದ್ದು 2020ರಲ್ಲಿ. ಆ ಹೊತ್ತಿಗೆ, ಭಯೋತ್ಪಾದನೆಗೆ ಹಣ ಹರಿಯುವುದರ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್ ಆ ದೇಶವನ್ನು ನಿಗಾದ ‘ಬೂದು ಪಟ್ಟಿ’ಯಲ್ಲಿಟ್ಟು, ಸಾಲ ಸಿಗುವುದೇ ಕಷ್ಟವಾಗುವ ಹಾಗೆ ಮಾಡಿತ್ತು. 2018ರ ಜೂನಿನಿಂದ 2022ರ ಅಕ್ಟೋಬರಿನವರೆಗೆ ಅದು ಆ ಪಟ್ಟಿಯಲ್ಲಿತ್ತು. ನನಗನ್ನಿಸುವ ಮಟ್ಟಿಗೆ ಕೆಲಸ ಮಾಡಿದ್ದು ಆ ಒತ್ತಡ, ಅಪಮಾನವಲ್ಲ.

ಶಿರಸಿ ದೊಡ್ಡಪ್ಪ, 9:10
ಹಾಗಾದರೆ ಬೂದು ಪಟ್ಟಿಗೆ ಮತ್ತೆ ಹಾಕಲಿ. ಕಚೇರಿ ಮುಚ್ಚುವುದಕ್ಕೂ ಅದಕ್ಕೂ ಏನು ವಿರೋಧ?

ಕುಮಟಾ ಅತ್ತೆ, 9:26
ಅಣ್ಣಾ, ಬೆಳಗಾಗುತ್ತಲೇ ಬೀಗದ ಮಾತು ಬೇಡ. ಮೇ 2ರಂದು ಪಾಕಿಸ್ತಾನದ ಸರಕು ಯಾವ ದಾರಿಯಿಂದಲೂ ಬರಬಾರದೆಂದು ಸರ್ಕಾರ ಆದೇಶ ಮಾಡಿತು. ಒಳ್ಳೆಯದೇ. ಏಕಾದಶಿಗೆ ನಾನು ಬಳಸುವ ಸೈಂಧವ ಲವಣ ಅಲ್ಲಿಯ ಖೇವ್ರಾದ ಗಣಿಯದು ಎಂದು ನನಗೆ ಅಂದೇ ತಿಳಿದದ್ದು. ಉತ್ತುತ್ತೆಯೂ ಹೆಚ್ಚಿನದು ಅಲ್ಲಿಯದೇ ಅಂತೆ. ಕಳೆದ ತಿಂಗಳು ದುಬೈ ಮಾರ್ಗವಾಗಿ ಬಂದ ಪಾಕಿಸ್ತಾನದ ಸರಕಿನ 39 ಕಂಟೇನರುಗಳನ್ನು ಕಂದಾಯ ಗುಪ್ತಚರರು ಹಿಡಿದರು. ಸರಕಿಗೇ ಸುತ್ತುದಾರಿ ಸಿಗುವಾಗ ಕೊಲ್ಲಲು ಬರುವವನು ಹೈಕಮಿಷನ್ನಿನ ಬಾಗಿಲಿನಿಂದ ಬರುತ್ತಾನೆಯೇ?

ಶಿರಸಿ ದೊಡ್ಡಪ್ಪ, 9:41
ಬಾಗಿಲಿನಿಂದಲೇ ಬರುತ್ತಾರೆ ತಂಗಿ, ಬೇರೆ ವೇಷದಲ್ಲಿ. ದೆಹಲಿಯ ಅವರ ಹೈಕಮಿಷನ್ನಿನ ಒಬ್ಬನನ್ನು ಮೇ 13ರಂದು, ಇನ್ನೊಬ್ಬನನ್ನು ಮೇ 21ರಂದು ಹುದ್ದೆಗೆ ತಕ್ಕುದಲ್ಲದ ಕೆಲಸ ಮಾಡಿದರೆಂದು ದೇಶದಿಂದ ಹೊರಹಾಕಲಿಲ್ಲವೇ? ಕಾರವಾರ ಭಾವನ ಊರಿನಲ್ಲೇ, ಕದಂಬ ನೌಕಾನೆಲೆಯ ಮಾಹಿತಿ ಸೋರಿಕೆ ಮಾಡಿದ ಆರೋಪದ ಮೇಲೆ ಇಬ್ಬರನ್ನು ಎನ್‌ಐಎ ಫೆಬ್ರವರಿಯಲ್ಲಿ ಹಿಡಿದುಕೊಂಡು ಹೋಯಿತು. ಸಮುದ್ರದ ಪಕ್ಕ ಮನೆ ಇರುವ ಭಾವ ಇದಕ್ಕೆ ಏನೆನ್ನುತ್ತಾನೆ?

ಕಾರವಾರ ಮಾವ, 10:34
ಭಾವ, ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ. ಹೊರಹಾಕಿದ್ದು ಸರಿ, ಅದನ್ನು ನಾನು ಬೆಂಬಲಿಸುತ್ತೇನೆ. ಆದರೆ ನೌಕಾನೆಲೆಯ ಆ ಇಬ್ಬರ ಮೇಲಿರುವ ಆರೋಪದ ಪ್ರಕಾರ ಅವರನ್ನು ಬಲೆಗೆ ಕೆಡವಿದ್ದು ಫೇಸ್‌ಬುಕ್ ಗೆಳೆತನ. ಅದಕ್ಕೆ ಬೀಗ ಹಾಕುವ ಬಾಗಿಲು ದೆಹಲಿಯಲ್ಲಿಲ್ಲ.

ಹೈಕಮಿಷನ್ ಎಂದು ನೀವು ಹೇಳುವ ಕಚೇರಿಯಲ್ಲಿ 2019ರ ಆಗಸ್ಟಿನಿಂದ ಹೈಕಮಿಷನರೇ ಇಲ್ಲ, ಎರಡೂ ಕಡೆ ಪ್ರಭಾರ ಅಧಿಕಾರಿಗಳು ನಡೆಸುತ್ತಿದ್ದಾರೆ. 110 ಇದ್ದ ಸಿಬ್ಬಂದಿಯನ್ನು 2020ರಲ್ಲಿ 55ಕ್ಕೆ, ಈ ಮೇ ತಿಂಗಳಿಗೆ 30ಕ್ಕೆ ಇಳಿಸಿದರು. ಕಾರ್ಗಿಲ್ ಯುದ್ಧ ನಡೆಯುತ್ತಿದ್ದಾಗಲೂ ಮುಚ್ಚದ ಕಚೇರಿ ಅದು. ಪೂರ್ತಿ ಸಂಬಂಧ ಕಡಿದದ್ದು 1971ರಲ್ಲಿ, ಬಾಂಗ್ಲಾ ಯುದ್ಧದ ಕಾಲದಲ್ಲಿ. ಆಗಲೂ 1976ರಲ್ಲಿ ಮತ್ತೆ ತೆರೆಯಲೇಬೇಕಾಯಿತು.

ಈಗ ಟ್ರಾಲಿಂಗ್ ನಿಷೇಧದ ಕಾಲ. ಬೈತಖೋಲದಲ್ಲಿ ದೋಣಿಗಳು ಒಂದಕ್ಕೊಂದು ಒರಗಿಕೊಂಡು ನಿಂತಿವೆ, ಬಲೆ ಹೆಣೆಯುವವರ ಜೊತೆ ನಿನ್ನೆ ಸಂಜೆ ಕುಳಿತಿದ್ದೆ. ಮೇ ತಿಂಗಳಲ್ಲಿ ಇರಾಕಿನಿಂದ ಡಾಂಬರು ತಂದ ಹಡಗೊಂದು ನಮ್ಮ ಬಂದರಿಗೆ ಬಂದಾಗ, ಅದರಲ್ಲಿದ್ದ ಒಬ್ಬ ಪಾಕಿಸ್ತಾನಿ ನಾವಿಕನನ್ನು ದಡಕ್ಕೆ ಇಳಿಯಗೊಡದೆ ಹಾಗೇ ಕಳಿಸಿದ್ದು ನೆನಪಿರಬಹುದು. ಅದರ ಮಾತು ಬಂದಾಗ ಬಲೆ ಹೆಣೆಯುತ್ತಿದ್ದ ಹಿರಿಯನೊಬ್ಬ ಕೈ ನಿಲ್ಲಿಸದೆಯೇ ಕೇಳಿದ: ‘ಇಳಿಸದೇ ಇದ್ದದ್ದು ಸರಿ ಸ್ವಾಮಿ, ಆದರೆ ನಮ್ಮವರು ಆ ಕಡೆ ಹೋಗಿ ಸಿಕ್ಕಿಬಿದ್ದರೆ ಕೇಳುವವರು ಯಾರು?’

ಆ ಪ್ರಶ್ನೆಗೆ ಉತ್ತರ ಇನ್ನೊಂದು ಪಟ್ಟಿಯಲ್ಲಿದೆ. 2008ರ ಒಪ್ಪಂದದಂತೆ ಎರಡೂ ದೇಶಗಳು ಪ್ರತಿ ಜನವರಿ 1 ಮತ್ತು ಜುಲೈ 1ರಂದು ತಮ್ಮ ಜೈಲುಗಳಲ್ಲಿರುವ ಎದುರು ದೇಶದವರ ಹೆಸರುಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ. ಮೇ ತಿಂಗಳ ಸಂಘರ್ಷದಲ್ಲಿ ಕ್ಷಿಪಣಿ ಹಾರಿ ಎರಡು ತಿಂಗಳೂ ಆಗಿರಲಿಲ್ಲ, ಈ ಜುಲೈ 1ರಂದೂ ಅದು ನಡೆಯಿತು. ಅವರು ಕೊಟ್ಟ ಪಟ್ಟಿಯಲ್ಲಿ ನಮ್ಮ 193 ಮೀನುಗಾರರು ಮತ್ತು 53 ಇತರರಿದ್ದರು, ನಾವು ಕೊಟ್ಟದ್ದರಲ್ಲಿ ಅವರ 81 ಮೀನುಗಾರರು ಮತ್ತು 382 ಇತರರಿದ್ದರು. ನಮ್ಮವರಲ್ಲಿ 159 ಜನರ ಶಿಕ್ಷೆ ಆಗಲೇ ಮುಗಿದಿದೆ, ಬೇಗ ಬಿಡಿ ಎಂದು ಭಾರತ ಕೇಳಿದೆ. ನೀವು ಬೀಗ ಹಾಕಿಸಿದರೆ ಜನವರಿ 1ರ ಪಟ್ಟಿಯನ್ನು ಯಾರು ಯಾರ ಕೈಗೆ ಕೊಡಬೇಕು?

ಕುಮಟಾ ಅತ್ತೆ, 10:50
ಭಾವ ಹೇಳಿದ್ದು ನಮ್ಮ ಕಡಲಿಗೆ ದೂರದ ಮಾತಲ್ಲ. ದುಬೈ ದೋಣಿಗಳಲ್ಲಿ ದುಡಿಯುತ್ತಿದ್ದ ನಮ್ಮ ಜಿಲ್ಲೆಯ 18 ಮೀನುಗಾರರನ್ನು 2018ರಲ್ಲಿ ಜಲಗಡಿ ದಾಟಿದರೆಂದು ಇರಾನ್ ಹಿಡಿದಿಟ್ಟಿತು. ಆಚೆ ದಡದ ಇರಾನ್, ಈಚೆ ದಡದ ಯುಎಇ (ದುಬೈ, ಅಬುಧಾಬಿಗಳ ದೇಶ), ಈ ಎರಡಕ್ಕೂ ಮೂರು ದ್ವೀಪಗಳ ವಿಷಯದಲ್ಲಿ 1971ರಿಂದ ತಕರಾರು. 2016ರಲ್ಲಿ ಅಬುಧಾಬಿಯವರು ತಮ್ಮ ರಾಯಭಾರಿಯನ್ನು ತೆಹರಾನಿನಿಂದ ವಾಪಸು ಕರೆಸಿಕೊಂಡಿದ್ದರು. ಹಾಗಾಗಿ ದೋಣಿಯ ಮಾಲೀಕರ ದೇಶದಿಂದ ಹೆಚ್ಚಿಗೆ ಆಗುವುದು ಏನೂ ಇರಲಿಲ್ಲ. ಇರಾನಿನಲ್ಲಿ ನಮ್ಮದೇ ರಾಯಭಾರ ಕಚೇರಿ ಇದ್ದುದರಿಂದ ಕೇಳುವುದಕ್ಕೆ ಒಂದು ಬಾಗಿಲಿತ್ತು. 2019ರ ಜನವರಿಯಲ್ಲಿ ಅವರು ಊರಿಗೆ ಬಂದರು. ಅವರ ಮನೆಯ ಹೆಂಗಸರು ಆ ತಿಂಗಳುಗಳನ್ನು ಹೇಗೆ ಕಳೆದರೆಂದು ನಾನು ಕಣ್ಣಾರೆ ನೋಡಿದ್ದೇನೆ.

ಬೆಂಗಳೂರು ಅಣ್ಣ, 10:58
ಇದಕ್ಕೆ ಕ್ಯೂಬಾದ್ದೇ ಬಾಲಂಗೋಚಿ ಇದೆ. 54 ವರ್ಷ ಮುಚ್ಚಿದ್ದ ರಾಯಭಾರ ಕಚೇರಿಗಳನ್ನು ಅಮೆರಿಕ ಮತ್ತು ಕ್ಯೂಬಾ ಮತ್ತೆ ತೆರೆದದ್ದು 2015ರ ಜುಲೈ 20ರಂದು, ಇವತ್ತಿಗೆ ಸರಿಯಾಗಿ ಹತ್ತು ವರ್ಷ. ಪ್ರಾಯೋಜಕ ರಾಷ್ಟ್ರ ಎಂದು ಮತ್ತೆ ಬರೆದ ಮೇಲೂ ಟ್ರಂಪ್ ಆ ಕಚೇರಿಯನ್ನು ಮುಚ್ಚಿಲ್ಲ. ಅಮೆರಿಕಕ್ಕಿಂತ ಗಟ್ಟಿ ನಿಲುವು ಅಪ್ಪನದು.

ಶಿರಸಿ ದೊಡ್ಡಪ್ಪ, 11:15
ನಗಬೇಡ ತಮ್ಮ. ಕ್ಯೂಬಾದವರು ಬಂದು ಫ್ಲೋರಿಡಾದ ಹುಲ್ಲುಗಾವಲಿನಲ್ಲಿ ಧರ್ಮ ಕೇಳಿ ಗುಂಡು ಹೊಡೆದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡ.

ನಾನು, 11:24
ಅದು ಒಪ್ಪತಕ್ಕ ಮಾತು, ದೊಡ್ಡಪ್ಪ. ಎರಡೂ ಒಂದೇ ಅಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಹೆಸರನ್ನು ಪಟ್ಟಿಗೆ ಸೇರಿಸುವ ಕೆಲಸವೂ, ಎದುರಿನವನ ಜೊತೆ ಮಾತಿನ ಒಂದು ಎಳೆ ಉಳಿಸಿಕೊಳ್ಳುವ ಕೆಲಸವೂ ಬೇರೆ ಬೇರೆ. ಒಂದು ನಡೆದದ್ದಕ್ಕೆ ಇನ್ನೊಂದನ್ನು ಕತ್ತರಿಸಬೇಕಿಲ್ಲ. ಮೇ 10ರಂದು ಮಧ್ಯಾಹ್ನ 3:35ಕ್ಕೆ ಅವರ ಸೇನಾ ಕಾರ್ಯಾಚರಣೆಯ ಮಹಾನಿರ್ದೇಶಕರು ನಮ್ಮವರಿಗೆ ಫೋನು ಮಾಡಿದರು, ಸಂಜೆ 5 ಗಂಟೆಗೆ ಗುಂಡಿನ ಸದ್ದು ನಿಲ್ಲಬೇಕೆಂದು ಒಪ್ಪಿಗೆಯಾಯಿತು. ಆ ತಂತಿಯನ್ನು ಸಿಟ್ಟಿನಲ್ಲಿ ಏಪ್ರಿಲಿನಲ್ಲೇ ಕಿತ್ತಿದ್ದರೆ ಅವರು ಫೋನು ಮಾಡುವುದು ಎಲ್ಲಿಗೆ? ಏಪ್ರಿಲ್ 23ರಂದು ಗೊತ್ತಿಲ್ಲದೆ ಗಡಿ ದಾಟಿದ ನಮ್ಮ ಗಡಿ ಭದ್ರತಾ ಪಡೆಯ ಯೋಧ ಮೇ 14ರಂದು ಅಟಾರಿಯಲ್ಲಿ ಮರಳಿ ಬಂದದ್ದೂ ಹೀಗೆ ಉಳಿದ ಎಳೆಗಳಿಂದಲೇ.

ಶಿರಸಿ ದೊಡ್ಡಪ್ಪ, ಮಧ್ಯಾಹ್ನ 1:47
ಮಳೆ ಸ್ವಲ್ಪ ಹೊಳವಾಗಿತ್ತು, ಅಡಿಕೆ ಮರ ಹತ್ತುವ ಕೊನೆಗೌಡನ ಜೊತೆ ತೋಟಕ್ಕೆ ಮದ್ದು ಹೊಡೆಸಲು ಹೋಗಿದ್ದೆ. ಅಲ್ಲಿಯೂ ಇದೇ ತಲೆಯಲ್ಲಿತ್ತು. ಭಾವ, ಶಿಕ್ಷೆ ಮುಗಿದವರು 159 ಜನ ಎಂದೆಯಲ್ಲ, ಶಿಕ್ಷೆ ಮುಗಿದ ಮೇಲೂ ಯಾಕೆ ಬಿಡುವುದಿಲ್ಲ?

ಕಾರವಾರ ಮಾವ, 2:05
ಒಂದು ಕಾರಣ ಹಟ. ಇನ್ನೊಂದು, ಇವನು ನಮ್ಮ ದೇಶದವನೇ ಹೌದು ಎಂದು ತಾಯ್ನಾಡು ಖಚಿತಪಡಿಸಬೇಕು. ಅದಕ್ಕೆ ನಮ್ಮ ಹೈಕಮಿಷನ್ನಿನ ಅಧಿಕಾರಿಯೊಬ್ಬರು ಜೈಲಿನಲ್ಲಿ ಅವನನ್ನು ಮುಖತಃ ಕಂಡು, ಊರು, ತಂದೆಯ ಹೆಸರು, ದೋಣಿಯ ವಿವರ ಕೇಳಿ ಬರೆದುಕೊಂಡು ಕಳಿಸಬೇಕು. ಆಮೇಲೆ ಇಲ್ಲಿಯ ಪೊಲೀಸರು ಊರಿಗೆ ಹೋಗಿ ವಿಚಾರಿಸಬೇಕು. ಕೈದಿಯನ್ನು ಕಾಣಲು ಅನುಮತಿ ಸಿಗುವುದೇ ತಡ, ಸಿಕ್ಕಿದರೂ ಹೋಗುವುದಕ್ಕೆ ಜನ ಬೇಕು.

ಶಿರಸಿ ದೊಡ್ಡಪ್ಪ, 2:18
ಹಾಗಿದ್ದರೆ ಆ ಕೆಲಸ ಮಾಡುವವರು ಮಾತ್ರ ಅಲ್ಲಿರಲಿ, ಉಳಿದವರು ವಾಪಸು ಬರಲಿ. ಇದಕ್ಕಿಂತ ಕೆಳಗೆ ನಾನು ಇಳಿಯುವುದಿಲ್ಲ.

ಕಾರವಾರ ಮಾವ, 2:21
ಒಟ್ಟು ಇರುವವರೇ 30 ಜನ, ಭಾವ. ಅಡುಗೆಯವನನ್ನು ಇಟ್ಟುಕೊಳ್ಳಬಹುದೇ?

ಶಿರಸಿ ದೊಡ್ಡಪ್ಪ, 2:29
[ಈ ಸಂದೇಶವನ್ನು ಅಳಿಸಲಾಗಿದೆ]
ಅಳಿಸಿದ್ದು ಬೆಳಿಗ್ಗೆಯ ಚಿತ್ರಕ್ಕೆ ಬರೆದ ಇನ್ನೊಂದು ಸಮರ್ಥನೆ. ಚಿತ್ರವನ್ನು ಅಳಿಸೋಣವೆಂದರೆ ಈ ಫೋನಿನಲ್ಲಿ ‘ನನಗೆ ಮಾತ್ರ’ ಎಂದಷ್ಟೇ ತೋರಿಸುತ್ತಿದೆ. ತಂಗಿ, ಅದರ ಕೆಳಗೆ ‘ಇದು ಅಮೆರಿಕದ ಆದೇಶ, ಒಂದು ಸಂಘಟನೆಯ ಮೇಲೆ ಮಾತ್ರ’ ಎಂದು ನೀನೇ ಬರೆದು ಹಾಕು. ಅಡಿಕೆ ಸೊಸೈಟಿಯ ಗುಂಪಿಗೂ ಕಳಿಸಿದ್ದೇನೆ, ಅಲ್ಲಿ ನಾನೇ ಬರೆಯುತ್ತೇನೆ. ಹೈಕಮಿಷನ್ನಿನ ವಿಷಯದಲ್ಲಿ ನನ್ನ ಅಭಿಪ್ರಾಯ ಹಾಗೇ ಇದೆ, ಅಡುಗೆಯವನನ್ನು ಬಿಟ್ಟು.