ಕಬಡ್ಡಿ ಕ್ಲಬ್‌ಗೆ ಬಿ ಟೀಮ್, ಹುಡುಗರ ತಂಡ ಕಟ್ಟೋದು ಹೇಗೆ? ಒಂದೇ ಅಂಕಣ, 36 ಜನ

ಕೇಳಿದವರು: ಮಣ್ಣಂಕಣ

ಎಲ್ಲರಿಗೂ ನಮಸ್ಕಾರ. ಮಂಡ್ಯ ತಾಲ್ಲೂಕಿನ ಹಳ್ಳಿ ಕ್ಲಬ್ ನಮ್ಮದು. ಸೀನಿಯರ್ ತಂಡದಲ್ಲಿ 14 ಜನ, 13ರಿಂದ 19 ವರ್ಷದ ಹುಡುಗರು 22 ಜನ ಇದ್ದಾರೆ. ಮಣ್ಣಿನ ಅಂಕಣ ಒಂದೇ. ಸಂಜೆ ಐದೂವರೆಯಿಂದ ಏಳೂವರೆವರೆಗೆ ಅಭ್ಯಾಸ. ಈಗ ಸೀನಿಯರ್‌ಗಳು ಆಡ್ತಾರೆ, ಹುಡುಗರು ಗೆರೆ ಆಚೆ ನಿಂತು ನೋಡ್ತಾರೆ, ಕೊನೇ ಇಪ್ಪತ್ತು ನಿಮಿಷ ಅವರಿಗೆ ಬಿಡ್ತೀವಿ. 18 ದಾಟಿದವರನ್ನ ಸೀನಿಯರ್ ತಂಡಕ್ಕೆ ಹಾಕಿದ್ರೆ ಒಂದೆರಡು ಪಂದ್ಯ ಆಡಿ ಬರೋದನ್ನೇ ನಿಲ್ಲಿಸ್ತಾರೆ.

ಸೀನಿಯರ್ ತಂಡದ ಕೆಳಗೆ ಎರಡನೇ ತಂಡ, ಅಂದ್ರೆ ಬಿ ಟೀಮ್ ಕಟ್ಟೋಕೆ ಎಷ್ಟು ಜನ ಬೇಕು, ಯಾರನ್ನ ಹಾಕ್ಬೇಕು? ಒಂದೇ ಅಂಕಣದಲ್ಲಿ ಮೂರು ಗುಂಪು ನಡೆಸೋದು ಹೇಗೆ? ಹುಡುಗನ್ನ ಮೇಲಕ್ಕೆ ಕಳಿಸೋಕೆ ಸರಿಯಾದ ಹೊತ್ತು ಯಾವುದು? ತಿಳಿದವರು ವಿವರವಾಗಿ ಹೇಳಿ.

ಉತ್ತರ: ಮದ್ದೂರು ಲೆಫ್ಟ್ ಕಾರ್ನರ್

ಬಿ ಟೀಮ್ ಆಮೇಲೆ, ಮೊದಲು ಆ 22 ಜನರನ್ನ ಒಡೀರಿ. 13ರ ಹುಡುಗ, 19ರ ಹುಡುಗ ಒಂದೇ ಗುಂಪಲ್ಲಿ ಇರೋ ತನಕ ಇಬ್ಬರೂ ಕಲಿಯಲ್ಲ.

ನಿಯಮದಲ್ಲೇ ಎರಡು ಮೆಟ್ಟಿಲು ಇದೆ. ಸಬ್ ಜೂನಿಯರ್ ಅಂದ್ರೆ 16 ವರ್ಷ, 55 ಕೆ.ಜಿ. ಒಳಗೆ. ಅಂಕಣ 11×8 ಮೀಟರ್, ಆಟ 15 ನಿಮಿಷದ ಎರಡು ಅವಧಿ. ಜೂನಿಯರ್ ಬಾಲಕರು 20 ವರ್ಷ, 70 ಕೆ.ಜಿ. ಒಳಗೆ. ಆದರೆ ಅಂಕಣ ಮಾತ್ರ ಸೀನಿಯರ್‌ಗಳದ್ದೇ, 13×10. ಅವಧಿಯೂ 20 ನಿಮಿಷದ್ದು. ಸೀನಿಯರ್‌ಗೆ 85 ಕೆ.ಜಿ. ಹಾಗಾಗಿ 16 ದಾಟಿದಾಗ ಹುಡುಗನಿಗೆ ಎದುರಾಗೋದು ಅಂಕಣದ ಉದ್ದ, 20ರ ಹತ್ತಿರ ಎದುರಾಗೋದು ಎದುರಾಳಿಯ ತೂಕ. ನಿಮ್ಮ ಹುಡುಗರು ಬಿಟ್ಟುಹೋಗ್ತಿರೋದು ಈ ಎರಡನೇ ಮೆಟ್ಟಿಲಲ್ಲಿ. ಬಿ ಟೀಮ್ ಬೇಕಿರೋದೂ ಅಲ್ಲೇ.

ಅಂಕಣ ಚಿಕ್ಕದಾಗಿದ್ದಾಗ ಟೋ ಟಚ್‌ನಲ್ಲೇ (ಕಾಲು ಚಾಚಿ ತುದಿಯಿಂದ ಮುಟ್ಟೋದು) ಪಾಯಿಂಟ್ ತರ್ತಿದ್ದ ಹುಡುಗ ದೊಡ್ಡ ಅಂಕಣಕ್ಕೆ ಬಂದ ಕೂಡಲೇ ಖಾಲಿ ಕೈಲಿ ವಾಪಸ್ ಬರ್ತಾನೆ. ಇಲ್ಲಿ ಬಾಕ್ ಲೈನ್, ಅಂದ್ರೆ ರೈಡರ್ ದಾಟಲೇಬೇಕಾದ ಗೆರೆ, ನಡುಗೆರೆಯಿಂದ 3.75 ಮೀಟರ್ ದೂರ. ದಾಟಿದ್ರೆ ಹೆಚ್ಚುವರಿ ಪಾಯಿಂಟ್ ಕೊಡೋ ಬೋನಸ್ ಗೆರೆ ಅದರಾಚೆ ಇನ್ನೊಂದು ಮೀಟರ್. ಡಿಫೆಂಡರ್‌ಗಳಿಗೆ ಹಿಂದಕ್ಕೆ ಸರಿಯೋಕೆ ಜಾಗ ಜಾಸ್ತಿ. ಒಂದು ಹೆಜ್ಜೆ ಹೆಚ್ಚು ಒಳಗೆ ಹೋಗ್ಬೇಕು, ಆ ಹೆಜ್ಜೆಯಲ್ಲೇ ಕಾರ್ನರ್ (ಸಾಲಿನ ತುದಿಯ ಡಿಫೆಂಡರ್) ಕಾಲು ಹಿಡೀತಾನೆ. ಆದ್ದರಿಂದ 15 ತುಂಬಿದ ಮೇಲೆ ವಾರಕ್ಕೆ ಒಂದು ದಿನ ದೊಡ್ಡ ಅಂಕಣದಲ್ಲಿ ರೇಡ್ ಹಾಕಿಸಿ. ಬಾಕಿ ದಿನ 13×10ರ ಒಳಗೇ 11×8 ಗೆರೆ ಬೇರೆ ಬಣ್ಣದಲ್ಲಿ ಎಳೆಯಿರಿ. ಗೆರೆಗೆ ಸುಣ್ಣದ ಪುಡಿ ಬೇಡ. ಬೆವರು ಮೈಗೆ, ಕಣ್ಣಿಗೆ ತಾಗಿದರೆ ಸುಡುತ್ತೆ. ಕಲ್ಲಿನ ರಂಗೋಲಿ ಪುಡಿ ಸಾಕು, 5 ಸೆಂ.ಮೀ. ಅಗಲ.

ಸಮಯ ಹೀಗೆ ಹಂಚಿ. 5:30ರಿಂದ 6:10 ಅಂಕಣ ಸಬ್ ಜೂನಿಯರ್‌ಗಳದ್ದು, ಆ ಹೊತ್ತಲ್ಲಿ ಸೀನಿಯರ್‌ಗಳು ಪಕ್ಕದಲ್ಲಿ ಓಟ, ಕಸರತ್ತು. 6:10ರಿಂದ 6:45 ಜೂನಿಯರ್ ಮತ್ತು ಬಿ. 6:45ರಿಂದ 7:30 ಎ, ಅಂದ್ರೆ ಮುಖ್ಯ ಸೀನಿಯರ್ ತಂಡ, ಎದುರು ಬಿ. ಚಿಕ್ಕವರನ್ನ ಮೊದಲು ಆಡಿಸಿ ಮನೆಗೆ ಕಳಿಸಿದ್ರೆ ಅಪ್ಪ ಅಮ್ಮಂದಿರ ತಕರಾರೂ ಇರಲ್ಲ, ಓದೋಕೂ ಹೊತ್ತು ಸಿಗುತ್ತೆ.

ಬಿ ಟೀಮ್‌ಗೆ 12 ಜನ, ಒಬ್ಬರೂ ಹೆಚ್ಚು ಬೇಡ. ಪಂದ್ಯಕ್ಕೆ ಅಂಕಣದಲ್ಲಿ 7, ಬದಲಿ 5, ಅಷ್ಟೇ ತಾನೆ. 18 ಜನ ಇಟ್ಟರೆ ಆರು ಜನ ಯಾವತ್ತೂ ಆಡಲ್ಲ. ಆ 12ರಲ್ಲಿ ಆರೇಳು ಜನ 17ರಿಂದ 20ರ ಹುಡುಗರು, ಮೂರ್ನಾಲ್ಕು ಜನ ಎ ತಂಡದಲ್ಲಿ ಜಾಗ ಸಿಗದವರು ಅಥವಾ ಗಾಯ ಮಾಗಿ ವಾಪಸ್ ಬರ್ತಿರೋರು, ಜೊತೆಗೆ ಒಬ್ಬಿಬ್ಬರು ಹಳೇ ಆಟಗಾರರು. ಹಳಬ ಕಾರ್ನರ್ ಅಥವಾ ಕವರ್ (ಕಾರ್ನರ್‌ಗಳ ಒಳಗಡೆ ನಿಲ್ಲೋ ಡಿಫೆಂಡರ್) ಆಗಿದ್ರೆ ಚೆನ್ನ. ರೇಡ್ ನೋಡಿ ಕಲೀಬಹುದು, ಡಿಫೆಂಡರ್‌ಗಳು ಕೈ ಕೈ ಹಿಡಿದು ನಿಲ್ಲೋ ಚೈನ್‌ನಲ್ಲಿ ಯಾವಾಗ ಮುಂದೆ ನುಗ್ಗಬೇಕು ಅನ್ನೋದನ್ನ ಪಕ್ಕದಲ್ಲಿ ನಿಂತವನೇ ಕೂಗಿ ಹೇಳ್ಬೇಕು.

ಜಾಗಕ್ಕೆ ಜಾಗ ಹೊಂದಿಸಿ ಆರಿಸಿ. ಎ ತಂಡದ ಲೆಫ್ಟ್ ಕಾರ್ನರ್‌ಗೆ ಬದಲಿ ಬಿ ತಂಡದ ಲೆಫ್ಟ್ ಕಾರ್ನರ್. ರೈಟ್ ಕವರ್‌ಗೆ ರೈಟ್ ಕವರ್. ಹಳ್ಳಿ ತಂಡಗಳಲ್ಲಿ ಬಿ ಅಂದ್ರೆ ಉಳಿದ ರೈಡರ್‌ಗಳ ಗುಂಪು. ಎಲ್ಲರಿಗೂ ರೇಡೇ ಬೇಕು. ಅಲ್ಲಿ ಕಾರ್ನರ್‌ಗೆ ಕಾಲು ಉಳುಕಿದ ದಿನ ಇಡೀ ಡಿಫೆನ್ಸ್ ಬಿದ್ದುಹೋಗುತ್ತೆ.

ಉತ್ತರ: ಪಿಟಿ ಮೇಷ್ಟ್ರು, ಕೆ.ಆರ್. ಪೇಟೆ

ಮೇಲಿನವರು ಹೇಳಿದ್ದು ಸರಿಯಾಗಿದೆ. ನಾನು ಮೈಕೈ ವಿಚಾರ ಮಾತ್ರ ಹೇಳುತ್ತೇನೆ, ಏಕೆಂದರೆ ಹುಡುಗರು ಆಟ ಬಿಡುವುದಕ್ಕೆ ನಾನು ಕಂಡ ಒಂದು ದೊಡ್ಡ ಕಾರಣ ಮೊಣಕಾಲು ಮತ್ತು ಭುಜದ ಗಾಯ.

ಹಿಡಿತ ಕಲಿಸಲು ಒಂದು ಕ್ರಮ ಬೇಕು. 13-14ರ ಹುಡುಗರಿಗೆ ಮೊದಲ ತಿಂಗಳು ಬೀಳುವುದನ್ನು ಕಲಿಸಿ: ಗದ್ದ ಎದೆಗೆ, ಕೈ ನೆಲಕ್ಕೆ ಊರದೆ ಭುಜದ ಹಿಂಭಾಗದಿಂದ ಉರುಳುವುದು. ಕೈ ಊರಿದರೆ ಮಣಿಕಟ್ಟು ಮುರಿಯುತ್ತದೆ. ಆಮೇಲೆ ಆಂಕಲ್ ಹೋಲ್ಡ್, ಅಂದರೆ ಪಾದದ ಗಂಟು ಹಿಡಿಯುವುದು. ಮೊದಲು ರೈಡರ್ ನಿಂತಿರಲಿ, ನಂತರ ನಡೆಯಲಿ, ಕೊನೆಗೆ 3×3 ಮೀಟರ್ ಚೌಕದಲ್ಲಿ ಒಬ್ಬನಿಗೊಬ್ಬ. ಅದಾದ ಮೇಲೆ ಥೈ ಹೋಲ್ಡ್ (ತೊಡೆ ಹಿಡಿಯುವುದು), ಬ್ಲಾಕ್ (ದಾರಿಗೆ ಅಡ್ಡ ನಿಂತು ತಡೆಯುವುದು). ರೈಡರ್‌ನನ್ನು ಮೈಯಿಂದ ಗುದ್ದಿ ಹೊರತಳ್ಳುವ ಡ್ಯಾಶ್ ಅನ್ನು 16 ತುಂಬುವವರೆಗೆ ಅಭ್ಯಾಸದಲ್ಲಿ ಮಾಡಿಸಲೇಬೇಡಿ.

ತಲೆ ಎಲ್ಲಿದೆ ಎಂಬುದನ್ನು ಪ್ರತಿ ಹಿಡಿತದಲ್ಲೂ ನೋಡಿ. ಆಂಕಲ್ ಹಿಡಿಯುವಾಗ ತಲೆ ರೈಡರ್‌ನ ಮೊಣಕಾಲಿನ ನೇರಕ್ಕೆ ಇದ್ದರೆ ಮೂಗು, ದವಡೆ ಹೋಗುತ್ತದೆ. ತಲೆ ಕಾಲಿನ ಹೊರಮಗ್ಗುಲಿಗೆ ಇರಬೇಕು. ಥೈ ಹೋಲ್ಡ್‌ನಲ್ಲಿ ಕಣ್ಣು ಮೇಲೆ, ಕೆನ್ನೆ ತೊಡೆಯ ಪಕ್ಕಕ್ಕೆ ಅಂಟಿರಬೇಕು. ತಲೆ ತಗ್ಗಿಸಿ ನುಗ್ಗುವ ಹುಡುಗನನ್ನು ಎಷ್ಟೇ ಚೆನ್ನಾಗಿ ಹಿಡಿದರೂ ನಿಲ್ಲಿಸಿ ತಿದ್ದಿ, ಏಕೆಂದರೆ ಕತ್ತಿನ ಗಾಯಕ್ಕೆ ಎರಡನೇ ಅವಕಾಶ ಇಲ್ಲ. ತಲೆಗೆ ಪೆಟ್ಟು ಬಿದ್ದು ಮಂಕಾದರೆ, ವಾಂತಿ ಬಂದರೆ, ಸ್ಕೋರ್ ಕೇಳಿದಾಗ ತಡವರಿಸಿದರೆ ಅವತ್ತು ಮತ್ತೆ ಅಂಕಣಕ್ಕೆ ಇಳಿಸಬಾರದು. ಡಾಕ್ಟರ್ ಹೇಳಿದ ಮೇಲೆ ಮೊದಲು ಓಟ, ನಂತರ ಮುಟ್ಟದ ಅಭ್ಯಾಸ, ಆಮೇಲೆ ಹಿಡಿತ.

ಕಸರತ್ತಿಗೆ ಜಿಮ್ ಬೇಡ. ವಾರಕ್ಕೆ ಎರಡು ದಿನ ಸಾಕು. ಬಸ್ಕಿ, ದಂಡ, ಹಗ್ಗ ಹತ್ತುವುದು. ಜೊತೆಗೆ ಒಬ್ಬ ಹಿಮ್ಮಡಿ ಹಿಡಿದು ಕೂತರೆ ಇನ್ನೊಬ್ಬ ಮಂಡಿಯೂರಿ ನಿಧಾನವಾಗಿ ಮುಂದಕ್ಕೆ ಬಾಗುವ ನಾರ್ಡಿಕ್ ಕಸರತ್ತು, 5ರಂತೆ 2 ಸಲ. ತೊಡೆಯ ಹಿಂದಿನ ಸ್ನಾಯು ಹರಿಯುವುದನ್ನು ಇದು ಚೆನ್ನಾಗಿ ತಡೆಯುತ್ತದೆ. ಕತ್ತಿಗೆ ನಾಲ್ಕೂ ಕಡೆಯಿಂದ ಕೈ ಒತ್ತಿ 10 ಸೆಕೆಂಡ್ ತಡೆಯುವುದು, 3 ಸಲ.

ತೂಕದ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಪಂದ್ಯಾವಳಿಗೆ ಮುಂಚೆ ಎರಡು ದಿನ ನೀರು ಬಿಟ್ಟು, ಜರ್ಕಿನ್ ಹಾಕಿಕೊಂಡು ಓಡಿ 3-4 ಕೆ.ಜಿ. ಇಳಿಸುವ ಚಟ ಜೂನಿಯರ್‌ಗಳಲ್ಲಿ ಬಹಳ ಇದೆ. ಮೈತೂಕದ ಶೇ. 2ರಷ್ಟು ನೀರು ಹೋದರೂ ಆಟ ಕುಸಿಯುತ್ತದೆ. 70 ಕೆ.ಜಿ. ಹುಡುಗನಿಗೆ ಅದು 1.4 ಲೀಟರ್ ಮಾತ್ರ. ಮೊದಲು ಸ್ನಾಯು ಹಿಡಿಯುತ್ತದೆ, ಆಮೇಲೆ ತಲೆ ಓಡುವುದಿಲ್ಲ. 19 ವರ್ಷಕ್ಕೆ 74 ಕೆ.ಜಿ. ಇದ್ದವನನ್ನು ಜೂನಿಯರ್ ಆಡಿಸಲು ಒಣಗಿಸಬೇಡಿ, ಬಿ ಟೀಮ್‌ಗೆ ಹಾಕಿ. ಪ್ರತಿ ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ಬರೆದಿಡಿ, ಎತ್ತರವನ್ನೂ ಮೂರು ತಿಂಗಳಿಗೊಮ್ಮೆ. ದಿಢೀರ್ ಎತ್ತರ ಬೆಳೆಯುತ್ತಿರುವ ಹುಡುಗನ ಮೊಣಕಾಲು ನೋಯುವುದು ಸಹಜ, ಆಗ ಜಿಗಿತ ಕಡಿಮೆ ಮಾಡಿ. ಊಟಕ್ಕೆ ಮುದ್ದೆ, ಹುರುಳಿಕಾಳು, ಎರಡು ಮೊಟ್ಟೆ, ಸಂಜೆಗೆ ಕಡಲೆಕಾಯಿ ಬೆಲ್ಲ ಇದ್ದರೆ ಡಬ್ಬಿಯ ಪ್ರೋಟೀನ್ ಪುಡಿ ಬೇಕಿಲ್ಲ.

ಉತ್ತರ: ಸರಸ್ವತಿಪುರಂ ರಗ್ಬಿ ಹುಚ್ಚ

ಮೈಸೂರಿಂದ ಒಂದು ಮಾತು. ಹಿಡಿದು ಕೆಡವುವ ಇನ್ನೊಂದು ಆಟ ರಗ್ಬಿ ಲೀಗ್, ಒಂದು ಕಡೆಗೆ 13 ಜನ. ಬಿ ಟೀಮ್ ವಿಚಾರದಲ್ಲಿ ಅವರಷ್ಟು ತಲೆ ಕೆಡಿಸಿಕೊಂಡವರು ಕಡಿಮೆ. ಸಿಡ್ನಿ ಕಡೆಯ ಕ್ಲಬ್‌ಗಳಲ್ಲಿ ಹುಡುಗ 17ರ ಒಳಗೆ ಹೆರಾಲ್ಡ್ ಮ್ಯಾಥ್ಯೂಸ್ ಕಪ್, 19ರ ಒಳಗೆ ಎಸ್‌ಜಿ ಬಾಲ್ ಕಪ್, 21ರ ಒಳಗೆ ಜರ್ಸಿ ಫ್ಲೆಗ್ ಕಪ್ ಆಡಿ, ಆಮೇಲೆ ದೊಡ್ಡವರ ರಿಸರ್ವ್ ದರ್ಜೆಯಾದ ನ್ಯೂ ಸೌತ್ ವೇಲ್ಸ್ ಕಪ್‌ಗೆ ಬರ್ತಾನೆ. ಅದರ ಮೇಲೆ ಎನ್‌ಆರ್‌ಎಲ್, ಅಲ್ಲಿನ ಅತಿ ದೊಡ್ಡ ಲೀಗ್.

2008ರಿಂದ 2017ರವರೆಗೆ ಅಲ್ಲಿ 20ರ ಒಳಗಿನವರ ರಾಷ್ಟ್ರೀಯ ಲೀಗ್ ಇತ್ತು. ಹುಡುಗರು ಹುಡುಗರ ಎದುರೇ ಆಡ್ತಿದ್ರು, ಸ್ಕೋರ್ ರಾಶಿ ರಾಶಿ. ಹಿಡಿತ ಸಡಿಲ, ದೊಡ್ಡವರ ಆಟಕ್ಕೆ ತಯಾರಿ ಸಾಲದು ಅನ್ನೋ ಟೀಕೆ ಬಂತು. ಕೊನೆಗೆ ಅದನ್ನ ನಿಲ್ಲಿಸಿ ಆ ವಯಸ್ಸಿನವರನ್ನ ಮತ್ತೆ ರಾಜ್ಯಮಟ್ಟದ ಪಂದ್ಯಾವಳಿಗಳಿಗೆ ಕಳಿಸಿದರು. ನಮಗೆ ಬೇಕಾದ್ದು ಇಷ್ಟು: ಬಿ ಟೀಮ್‌ನ ಬರೀ ಹುಡುಗರಿಂದ ತುಂಬಿಸಬೇಡಿ. 19ರ ಹುಡುಗ ವಾರಕ್ಕೊಮ್ಮೆಯಾದ್ರೂ 28ರ ಗಟ್ಟಿ ಆಳಿನ ಎದುರು ಸೋಲಬೇಕು, ಪಕ್ಕದಲ್ಲಿ ಇನ್ನೊಬ್ಬ 28ರವನು ನಿಂತಿರಬೇಕು.

ಇಂಗ್ಲೆಂಡಲ್ಲಿ ದೊಡ್ಡ ಕ್ಲಬ್‌ನ ಹುಡುಗ ಕೆಳ ದರ್ಜೆಯ ಇನ್ನೊಂದು ಕ್ಲಬ್‌ಗೂ ಆಡುವ ಡ್ಯುಯಲ್ ರಿಜಿಸ್ಟ್ರೇಷನ್ ಪದ್ಧತಿ ಇದೆ. ನಿಮಗೆ 12 ಜನ ಸೇರದಿದ್ರೆ ಪಕ್ಕದ ಊರಿನ ಕ್ಲಬ್ ಜೊತೆ ಸೇರಿ ಒಂದೇ ಬಿ ಟೀಮ್ ಮಾಡಬಹುದು. ಆದರೆ ಯಾವ ಹುಡುಗ ಯಾವ ಕ್ಲಬ್‌ಗೆ ಸೇರಿದವನು ಅಂತ ಮೊದಲೇ ಬರೆದುಕೊಳ್ಳಿ. ಇಲ್ಲದಿದ್ರೆ ಜಗಳ ಖಂಡಿತ.

ಮತ್ತೆ ಕೇಳಿದವರು: ಮಣ್ಣಂಕಣ

ತುಂಬಾ ಉಪಯೋಗ ಆಯ್ತು. ಇನ್ನೆರಡು ಸಂದೇಹ. ಎ ಎದುರು ಬಿ ಆಡಿಸಿದ್ರೆ ಪ್ರತಿ ಸಲ ಬಿ ಹೀನಾಯವಾಗಿ ಸೋತು ಬೇಜಾರಾಗ್ತಾರೆ, ಏನು ಮಾಡೋದು? ಮೇಲಕ್ಕೆ ಕಳಿಸೋಕೆ ಲೆಕ್ಕ ಏನಾದ್ರೂ ಇದೆಯಾ, ಕಣ್ಣಂದಾಜಾ? ಹೊನಲು ಬೆಳಕಿನ ಪಂದ್ಯಾವಳಿಗೆ ಬಿ ಟೀಮ್ ಕಳಿಸಬಹುದಾ ಅಂತಲೂ ಹೇಳಿ.

ಉತ್ತರ: ಮದ್ದೂರು ಲೆಫ್ಟ್ ಕಾರ್ನರ್

ದಿನಾ 40 ನಿಮಿಷದ ಪೂರ್ತಿ ಪಂದ್ಯ ಆಡಿಸಿದ್ರೆ ಸೋಲ್ತಾರೆ, ಸಹಜ. ಸನ್ನಿವೇಶ ಆಡಿಸಿ. ಬಿ ತಂಡದ ಮೂವರನ್ನಷ್ಟೇ ಅಂಕಣದಲ್ಲಿ ನಿಲ್ಲಿಸಿ, ಎ ತಂಡದ ಒಳ್ಳೇ ರೈಡರ್‌ಗಳು ಒಬ್ಬರಾದ ಮೇಲೆ ಒಬ್ಬರು ಬರಲಿ. ಮೂವರು ಅಥವಾ ಕಮ್ಮಿ ಇದ್ದಾಗ ಹಿಡಿದ್ರೆ ಸೂಪರ್ ಟ್ಯಾಕಲ್, ಎರಡು ಪಾಯಿಂಟ್. ಹತ್ತು ರೇಡ್‌ಗೆ ಮೂರು ಹಿಡಿದ್ರೂ ಬಿ ಗೆದ್ದ ಹಾಗೆ ಲೆಕ್ಕ ಹಾಕಿ. ಇನ್ನೊಂದು ದಿನ ಎಲ್ಲಾ ರೇಡೂ ಮೂರನೇ ರೇಡ್, ಅಂದ್ರೆ ಎರಡು ರೇಡ್ ಖಾಲಿ ಹೋದ ಮೇಲಿನದು ಅಂತ ಆಡಿಸಿ, ಪಾಯಿಂಟ್ ತರದಿದ್ರೆ ಔಟ್. 30 ಸೆಕೆಂಡ್‌ಗೆ ಗಟ್ಟಿಯಾಗಿ ಸೀಟಿ ಹೊಡೀರಿ. ಮತ್ತೊಂದು ದಿನ ಆರೇ ಡಿಫೆಂಡರ್, ಬೋನಸ್ ಮಾತ್ರ, ಯಾಕಂದ್ರೆ ಆರಕ್ಕಿಂತ ಕಮ್ಮಿ ಇದ್ರೆ ಬೋನಸ್ ಇಲ್ಲ. ಒಂದು ತಪ್ಪು ಎಲ್ಲಾ ಕಡೆ ಕಾಣುತ್ತೆ: ಎ ತಂಡದ ರೈಡರ್‌ಗಳ ಅಭ್ಯಾಸಕ್ಕೆ ಬಿ ತಂಡದವರು ಬರೀ ಹಿಡಿಯೋಕೆ ನಿಲ್ಲೋದು. ಎಷ್ಟು ರೇಡ್ ಎ ಹಾಕುತ್ತೋ ಅಷ್ಟೇ ರೇಡ್ ಬಿ ಹಾಕ್ಲಿ.

ಮೇಲಕ್ಕೆ ಕಳಿಸೋಕೆ ಒಂದು ನೋಟ್‌ಬುಕ್ ಇಡಿ. ರೈಡರ್‌ಗೆ ನಾಲ್ಕು ಕಲಂ: ಟಚ್, ಬೋನಸ್, ಖಾಲಿ, ಸಿಕ್ಕಿಬಿದ್ದದ್ದು. ಡಿಫೆಂಡರ್‌ಗೆ ಮೂರು: ನುಗ್ಗಿದ್ದು, ಹಿಡಿದದ್ದು, ಹೊತ್ತಲ್ಲದ ಹೊತ್ತಲ್ಲಿ ನುಗ್ಗಿ ಪಾಯಿಂಟ್ ಕೊಟ್ಟದ್ದು. ನನ್ನ ಅಭಿಪ್ರಾಯದಲ್ಲಿ ಮೂರನೇ ಕಲಂ ಮುಖ್ಯ. ಬಲ ಇದ್ದವನು ಹಿಡೀತಾನೆ, ಆದರೆ ಕಾಯೋದನ್ನ ಕಲಿತವನನ್ನ ಮಾತ್ರ ಎ ತಂಡದ ಕಾರ್ನರ್‌ಗೆ ನಿಲ್ಲಿಸಬಹುದು. ಐದಾರು ಪಂದ್ಯದ ಲೆಕ್ಕ ನೋಡಿ, ನುಗ್ಗಿದ ಅರ್ಧದಷ್ಟಾದ್ರೂ ಹಿಡಿದಿದ್ರೆ ಎ ತಂಡದ ಬೆಂಚಿಗೆ ತನ್ನಿ. ಅವನನ್ನ ಗೆಲ್ತಿರೋ ಪಂದ್ಯದ ಕೊನೇ 5 ನಿಮಿಷ ಇಳಿಸಿ. ಸೋಲ್ತಿರೋ ಪಂದ್ಯಕ್ಕೆ ತಳ್ಳಬೇಡಿ. ನಿಮ್ಮ ಹುಡುಗರು ಬಿಟ್ಟುಹೋಗೋಕೆ ಇದೂ ಒಂದು ಕಾರಣ ಇರಬಹುದು. ಎ ತಂಡದಲ್ಲಿ ಆಡದ ವಾರ ಬಿ ತಂಡಕ್ಕೆ ಇಳಿದು ಆಡಲೇಬೇಕು ಅನ್ನೋ ನಿಯಮ ಎಲ್ಲರಿಗೂ ಒಂದೇ ಇರಲಿ, ಕ್ಯಾಪ್ಟನ್‌ಗೂ.

ಉತ್ತರ: ಪಿಟಿ ಮೇಷ್ಟ್ರು, ಕೆ.ಆರ್. ಪೇಟೆ

ಹೊನಲು ಬೆಳಕಿನ ಪಂದ್ಯಾವಳಿಗೆ ಬಿ ಟೀಮ್ ಕಳಿಸಿ, ಆದರೆ 18 ದಾಟಿದವರನ್ನು ಮಾತ್ರ. ರಾತ್ರಿ ಒಂಬತ್ತಕ್ಕೆ ಶುರುವಾಗಿ ಬೆಳಗಿನ ಜಾವದವರೆಗೆ ಎಳೆಯುತ್ತದೆ. ಎರಡು ಪಂದ್ಯದ ನಡುವೆ ಎರಡು ಮೂರು ಗಂಟೆ ಕೂತು ಮೈ ತಣ್ಣಗಾದವನು ಹಾಗೇ ಇಳಿದರೆ ಸ್ನಾಯು ಹರಿದುಕೊಳ್ಳುತ್ತಾನೆ. ಪ್ರತಿ ಪಂದ್ಯಕ್ಕೂ ಮುಂಚೆ ಮತ್ತೆ 10 ನಿಮಿಷ ಮೈ ಬಿಸಿ ಮಾಡಿಸಿ. ಒಂದೇ ಪಂದ್ಯಾವಳಿಗೆ ಎ, ಬಿ ಎರಡನ್ನೂ ಕಳಿಸಿದರೆ ಹೆಸರು ಅದಲು ಬದಲು ಮಾಡಬೇಡಿ, ಎರಡೂ ತಂಡ ಹೊರಬೀಳುತ್ತವೆ.

ಎಂಟ್ರಿ ಕಟ್ಟುವ ಮುಂಚೆ ಮಣ್ಣೋ ಮ್ಯಾಟೋ ಕೇಳಿ. ಮ್ಯಾಟ್ ಮೇಲೆ ಶೂ ಬೇಕು, ಬರಿಗಾಲಲ್ಲಿ ಕಲಿತವನಿಗೆ ಶೂ ಹಿಡಿತ ಜಾಸ್ತಿಯಾಗಿ ಪಾದ ನಿಂತು ಮೊಣಕಾಲು ತಿರುಚುತ್ತದೆ. ಎರಡು ವಾರ ಮೊದಲೇ ಶೂ ಹಾಕಿಸಿ, ಸಿಮೆಂಟ್ ಕಣದಲ್ಲಾದರೂ ಯಾರನ್ನೂ ಹಿಡಿಯದೆ ಹೆಜ್ಜೆ ಮತ್ತು ತಿರುವು ಮಾತ್ರ ಅಭ್ಯಾಸ ಮಾಡಿಸಿ.

18ರ ಒಳಗಿನವರಿಗೆ ಶಾಲೆ, ಪಿಯು ಕ್ರೀಡಾಕೂಟ ಇದೆ. ಅಲ್ಲಿಗೆ ಹುಡುಗ ಶಾಲೆಯ ಆಟಗಾರ, ಕ್ಲಬ್‌ನವನಲ್ಲ. ಜೂನ್‌ನಲ್ಲೇ ಶಾಲೆಯ ಪಿಟಿ ಮೇಷ್ಟ್ರ ಜೊತೆ ಕೂತು ದಿನ ಹೊಂದಿಸಿಕೊಳ್ಳಿ. ಬಿ ಟೀಮ್‌ಗೆ ದಸರಾ ಕ್ರೀಡಾಕೂಟದ ತಾಲ್ಲೂಕು ಸುತ್ತು ಒಳ್ಳೆಯದು, ಹಗಲಲ್ಲಿ ನಡೆಯುತ್ತದೆ, ಗೆದ್ದರೆ ಜಿಲ್ಲೆ, ವಿಭಾಗ ಅಂತ ಮೇಲೆ ಹೋಗಬಹುದು. ಫೆಬ್ರವರಿ, ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ, ಪಿಯು ಹುಡುಗರಿಗೆ ವಾರಕ್ಕೆ ಎರಡೇ ದಿನ, ಅದೂ 40 ನಿಮಿಷ. ಪೂರ್ತಿ ಬಿಡಿಸಬೇಡಿ. ಪೂರ್ತಿ ಬಿಟ್ಟವರು ಏಪ್ರಿಲ್‌ನಲ್ಲಿ ಮೊದಲ ವಾರವೇ ಗಾಯ ಮಾಡಿಕೊಳ್ಳುತ್ತಾರೆ. ವಯಸ್ಸಿನ ದಾಖಲೆಗೆ ಆಧಾರ್, ಹತ್ತನೇ ತರಗತಿಯ ಅಂಕಪಟ್ಟಿ, ಎರಡು ಫೋಟೋ ಪ್ರತಿಯೊಬ್ಬನದ್ದೂ ಒಂದು ಕವರಿನಲ್ಲಿ ಹಾಕಿ ಕ್ಲಬ್‌ನಲ್ಲೇ ಇಡಿ. ಎಂಟ್ರಿ ದಿನ ಬೆಳಿಗ್ಗೆ ಹುಡುಕಲು ಹೋದರೆ ಸಿಗುವುದಿಲ್ಲ.