ಕಲ್ಲಿಗೆ ಗುದ್ದಿದ ಬೈಕ್: ಸೀಲ್ ಬದಲಿಸಿದರೂ ಮುಂದಿನ ಶಾಕ್ ಅಬ್ಸಾರ್ಬರ್‌ನಿಂದ ಆಯಿಲ್ ಸೋರುತ್ತಿದೆ

ಪ್ರಶ್ನೆ: ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ರಾತ್ರಿ ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಬರುವಾಗ ನನ್ನ 150 ಸಿಸಿ ಬೈಕಿನ ಮುಂದಿನ ಚಕ್ರ ರಸ್ತೆಯ ಮೇಲಿದ್ದ ದಪ್ಪ ಕಲ್ಲೊಂದಕ್ಕೆ ನೇರವಾಗಿ ಗುದ್ದಿತು. ಕೆಟ್ಟು ನಿಂತ ಲಾರಿಯ ಚಕ್ರಕ್ಕೆ ಕೊಟ್ಟಿದ್ದ ಕಲ್ಲನ್ನು ಲಾರಿ ಹೊರಟ ಮೇಲೂ ಯಾರೋ ಅಲ್ಲೇ ಬಿಟ್ಟು ಹೋಗಿದ್ದರು. ಎದುರು ಬಂದ ವಾಹನದ ಬೆಳಕಿನಲ್ಲಿ ಅದು ಕಾಣಲಿಲ್ಲ. ದೇವರ ದಯೆಯಿಂದ ನನಗೆ ಪೆಟ್ಟಾಗಲಿಲ್ಲ, ರಿಮ್ಮಿನ ಸೊಟ್ಟವನ್ನೂ ತೆಗೆಸಿದ್ದಾಯಿತು.

ಆದರೆ ಎಡಗಡೆಯ ಫೋರ್ಕಿನಿಂದ, ಅಂದರೆ ಮುಂದಿನ ಶಾಕ್ ಅಬ್ಸಾರ್ಬರ್‌ನಿಂದ, ಆಯಿಲ್ ಸೋರುತ್ತಿದೆ. ಗ್ಯಾರೇಜಿನಲ್ಲಿ ಸೀಲ್ ಬದಲಿಸಿಕೊಟ್ಟರು, ಕೆಲವೇ ದಿನಗಳಲ್ಲಿ ಮತ್ತೆ ಸೋರಲು ಶುರುವಾಯಿತು. ನೇರವಾಗಿ ಹೋಗಬೇಕಾದರೆ ಹ್ಯಾಂಡಲ್ಲನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ಹಿಡಿಯಬೇಕು. ಮುಂಭಾಗವನ್ನು ಅದುಮಿದರೆ ಕೆಳಗಿಳಿಯುತ್ತದೆ, ಮೇಲೇಳುವಾಗ ಮಾತ್ರ ಅರ್ಧದಲ್ಲಿ ತಡೆದಂತಾಗುತ್ತದೆ. ಒಬ್ಬ ಮೆಕ್ಯಾನಿಕ್ ಪೂರ್ತಿ ಸೆಟ್ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ಫೋರ್ಕಿನ ಒಳಗಿನ ಉಕ್ಕಿನ ಪೈಪನ್ನು ಪ್ರೆಸ್ಸಿಗೆ (ಒತ್ತುವ ಯಂತ್ರಕ್ಕೆ) ಕೊಟ್ಟು ನೆಟ್ಟಗೆ ಮಾಡಿಸೋಣ ಎನ್ನುತ್ತಾರೆ. ಗೂಡಿನ ಚೀಲಗಳನ್ನು ಹೇರಿಕೊಂಡು ಮಾರುಕಟ್ಟೆಗೆ ಹೋಗುವ ಗಾಡಿ ಇದು. ಯಾರ ಮಾತು ಕೇಳಲಿ?

ಉತ್ತರ: ಲೇತ್ ಕೆಲಸದವರು, ಚಿಂತಾಮಣಿ

ಸರ್, ದುಡ್ಡು ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಗುದ್ದಿದ ರಭಸಕ್ಕೆ ಪೈಪುಗಳು ಬಾಗದೆ, ಎರಡನ್ನೂ ಹ್ಯಾಂಡಲ್ ಕೆಳಗೆ ಹಿಡಿದಿಡುವ ಕ್ಲಾಂಪ್ ಆದ ಟೀಯ ಹಿಡಿತದೊಳಗೆ ತಿರುಚಿಕೊಂಡಿರುವುದೂ ಉಂಟು. ಕೆಳಗಿನ ಟೀ ಬೋಲ್ಟುಗಳನ್ನೂ ಆಕ್ಸಲ್ ನಟ್ಟನ್ನೂ ಸಡಿಲಿಸಿ, ಚಕ್ರವನ್ನು ಮೊಣಕಾಲುಗಳ ನಡುವೆ ಬಿಗಿಯಾಗಿ ಹಿಡಿದು ಹ್ಯಾಂಡಲ್ಲನ್ನು ನೇರಕ್ಕೆ ತನ್ನಿ. ಅನಂತರ ಮುಂಭಾಗವನ್ನು ಐದಾರು ಬಾರಿ ಅದುಮಿ ಬಿಟ್ಟು, ಮತ್ತೆ ಬಿಗಿ ಮಾಡಿ. ಎಳೆತ ಹೋದರೆ ಅರ್ಧ ಚಿಂತೆ ಕಳೆಯಿತು.

ಹೋಗದಿದ್ದರೆ ಪೈಪುಗಳನ್ನು ಹೊರತೆಗೆಸಿ. ದಪ್ಪ ಗಾಜಿನ ಮೇಲೆ ಉರುಳಿಸಿದರೆ, ಬಾಗಿದ ಪೈಪಿನ ಅಡಿಯಲ್ಲಿ ಬೆಳಕಿನ ಗೆರೆ ಅಗಲವಾಗಿ, ಕಿರಿದಾಗಿ ಬದಲಾಗುವುದು ಬರಿಗಣ್ಣಿಗೇ ಕಾಣುತ್ತದೆ. ಲೇತಿನವರ ಬಳಿ ವಿ ಬ್ಲಾಕ್ (ಪೈಪನ್ನು ಕೂರಿಸುವ ಆಸರೆ) ಮತ್ತು ಡಯಲ್ ಗೇಜ್ (ಸಣ್ಣ ಬಾಗನ್ನು ಅಳೆಯುವ ಮಾಪಕ) ಇದ್ದರೆ ಅಳತೆಯೇ ಸಿಗುತ್ತದೆ. ಹಲವು ಕಂಪನಿಗಳ ಸರ್ವಿಸ್ ಪುಸ್ತಕಗಳು ಇದಕ್ಕೆ 0.2 ಮಿ.ಮೀ. ಮಿತಿ ಹಾಕಿವೆ. ತೀರ ಸಣ್ಣ ಬಾಗಾದರೆ ಪ್ರೆಸ್ಸಿನಲ್ಲಿ ತೆಗೆಯಬಹುದು. ಮಡಿಕೆ ಬಿದ್ದಿದ್ದರೆ ಮುಟ್ಟಬಾರದು, ಗ್ಯಾಸ್ ಬೆಂಕಿ ಹಿಡಿದು ನೆಟ್ಟಗೆ ಮಾಡುವವರ ಹತ್ತಿರ ಹೋಗಲೇಬಾರದು.

ಉತ್ತರ: ಮೆಕ್ಯಾನಿಕ್, ಕೋಲಾರ

ಮೇಲಿನವರು ಹೇಳಿದ ಪರೀಕ್ಷೆಗಳೆಲ್ಲ ಸರಿ, ಆದರೆ ಪ್ರೆಸ್ಸಿನ ಮಾತನ್ನು ನಾನು ಒಪ್ಪುವುದಿಲ್ಲ. ಪೈಪು ಸಾಮಾನ್ಯವಾಗಿ ಬಾಗುವುದು ಕೆಳಗಿನ ಟೀಯ ಕೆಳಗಡೆಯೇ, ಏಕೆಂದರೆ ಚಕ್ರಕ್ಕೆ ಬಿದ್ದ ಪೆಟ್ಟಿನ ಒತ್ತಡವೆಲ್ಲ ಅಲ್ಲಿ ಬಂದು ನಿಲ್ಲುತ್ತದೆ. ಒಮ್ಮೆ ಬಾಗಿದ್ದನ್ನು ಮತ್ತೆ ಹಿಂದಕ್ಕೆ ಬಾಗಿಸಿದಾಗ ಮೇಲಿನ ಗಟ್ಟಿ ಕ್ರೋಮಿನಲ್ಲಿ ಕೂದಲೆಳೆಯಂಥ ಬಿರುಕುಗಳು ಏಳಬಹುದು, ಅಲ್ಲಿ ತುಕ್ಕು ಹಿಡಿದು ಸೀಲಿನ ತುಟಿ ಹರಿಯಬಹುದು. ನಿಮ್ಮ ಹೊಸ ಸೀಲ್ ಇಷ್ಟು ಬೇಗ ಸೋತಿದ್ದೂ ಪೈಪಿನಲ್ಲೇ ತೊಂದರೆಯಿದೆ ಎಂಬುದನ್ನು ಸೂಚಿಸುತ್ತದೆ. ಉಗುರನ್ನು ಪೈಪಿನ ಉದ್ದಕ್ಕೂ ಮೇಲಿನಿಂದ ಕೆಳಕ್ಕೆ ಎಳೆದು ನೋಡಿ. ಉಗುರು ತಡೆಯುವಷ್ಟು ಗೀರು ಇದ್ದರೆ ಯಾವ ಸೀಲೂ ಬಾಳುವುದಿಲ್ಲ.

ಹಾಗೆಂದು ಪೂರ್ತಿ ಸೆಟ್ ಬೇಕಾಗಿಲ್ಲ. ಪೈಪು ಬಿಡಿಯಾಗಿ ಸಿಗುತ್ತದೆ, ಬಾಗಿದ್ದನ್ನು ಮಾತ್ರ ಬದಲಿಸಿ, ಸೀಲುಗಳನ್ನು ಎರಡೂ ಕಡೆ ಹೊಸದಾಗಿ ಹಾಕಿಸಿ. ಪೈಪು ಜಾರುವ ಕೆಳಗಿನ ಅಲ್ಯೂಮಿನಿಯಂ ಕೇಸಿನಲ್ಲಿ ಆಕ್ಸಲ್ ಕೂರುವ ಕಡೆ ಮತ್ತು ಬ್ರೇಕ್ ಕ್ಯಾಲಿಪರ್ ಬೋಲ್ಟಿನ ಸುತ್ತ ಗ್ರೀಸ್ ಒರೆಸಿ, ಬಿರುಕು ಇದೆಯೇ ಎಂದು ಹಗಲು ಬೆಳಕಿನಲ್ಲಿ ನೋಡಿ. ಬಿರುಕಿದ್ದರೆ ವೆಲ್ಡಿಂಗ್ ಮಾಡಿಸದೆ ಕೇಸನ್ನೇ ಬದಲಿಸಿ.

ಬಹಳ ಕಡೆ ನೋಡದೆ ಬಿಡುವುದು ಟೀಯನ್ನು. ನೆಟ್ಟಗಿರುವ ಎರಡು ಪೈಪುಗಳನ್ನು ಟೀಗೆ ಹಾಕಿ, ಎರಡರ ಮೇಲೂ ಅಡ್ಡಲಾಗಿ ಒಂದು ಚಪ್ಪಟೆ ಗಾಜನ್ನು ಇಡಿಸಿ. ಗಾಜು ನಾಲ್ಕು ಮೂಲೆಯಲ್ಲೂ ಕದಲದೆ ಕೂತರೆ ಟೀ ಸರಿಯಿದೆ, ಕುಲುಕಿದರೆ ಟೀ ತಿರುಚಿದೆ. ತಿರುಚಿದ ಟೀಗೆ ಹೊಸ ಪೈಪು ಹಾಕಿದರೂ ಅರ್ಧದಲ್ಲಿ ತಡೆಯುವುದು ನಿಲ್ಲುವುದಿಲ್ಲ. ಚಕ್ರವನ್ನು ನೆಲದಿಂದ ಎತ್ತಿಸಿ, ಹ್ಯಾಂಡಲ್ಲನ್ನು ಒಂದೇ ಬೆರಳಿನಿಂದ ನಿಧಾನವಾಗಿ ತಿರುಗಿಸಿ. ನಟ್ಟನಡುವೆ ಗುಳಿಗೆ ಬಿದ್ದಂತೆ ನಿಂತರೆ ಕೋನ್ ಸೆಟ್ಟಿನಲ್ಲಿ (ಹ್ಯಾಂಡಲ್ ತಿರುಗುವ ಬೇರಿಂಗಿನಲ್ಲಿ) ಬಾಲುಗಳ ಅಚ್ಚು ಬಿದ್ದಿದೆ ಎಂದರ್ಥ, ಅದನ್ನೂ ಬದಲಿಸಬೇಕು.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಟೀ ಸಡಿಲಿಸಿ ಕೂರಿಸಿದರೂ ಎಳೆತ ಹೋಗಲಿಲ್ಲ. ಬಿಚ್ಚಿಸಿ ಗಾಜಿನ ಮೇಲೆ ಉರುಳಿಸಿದಾಗ ಎಡಗಡೆಯ ಪೈಪು ಬಾಗಿರುವುದು ಗೊತ್ತಾಯಿತು. ಕೇಸುಗಳಲ್ಲಿ ಬಿರುಕಿಲ್ಲ. ಹೊಸ ಪೈಪು ತರಿಸುತ್ತಿದ್ದೇನೆ, ಅದು ಬಂದ ಮೇಲೆ ಟೀಯ ಪರೀಕ್ಷೆ. ಜೋಡಿಸುವಾಗ ಗಮನಿಸಬೇಕಾದದ್ದು ಏನಾದರೂ ಇದೆಯೇ?

ಉತ್ತರ: ಮೆಕ್ಯಾನಿಕ್, ಕೋಲಾರ

ಸೀಲ್ ಇಳಿಸುವ ಮೊದಲು ಪೈಪಿನ ಮೇಲ್ತುದಿಗೆ ತೆಳುವಾದ ಪ್ಲಾಸ್ಟಿಕ್ ಹೊದಿಸಿ ಆಯಿಲ್ ಸವರಲಿ, ಇಲ್ಲವಾದರೆ ಅಂಚು ತಗುಲಿ ಹೊಸ ಸೀಲ್ ಅಲ್ಲೇ ಕತ್ತರಿಸುತ್ತದೆ. ಸ್ಕ್ರೂಡ್ರೈವರ್‌ನಿಂದ ಒಂದೊಂದೇ ಕಡೆ ಬಡಿಯದೆ, ಅಳತೆಗೆ ಸರಿಯಾದ ಪಿವಿಸಿ ಪೈಪಿನ ತುಂಡಿನಿಂದ ಸಮನಾಗಿ ಕೂರಿಸಲಿ. ನಿಮ್ಮ ಬೈಕಿನ ಪುಸ್ತಕದಲ್ಲಿ ಹೇಳಿದ ದರ್ಜೆಯ ಫೋರ್ಕ್ ಆಯಿಲನ್ನೇ, ಎರಡೂ ಕಡೆಗೆ ಮಿಲಿಲೀಟರ್ ಅಳತೆಯ ಲೋಟದಲ್ಲಿ ಸಮನಾಗಿ ಅಳೆದು ಹಾಕಿಸಿ. ಉಳಿದಿರುವ ಎಂಜಿನ್ ಆಯಿಲ್ ಸುರಿಯಲು ಬಿಡಬೇಡಿ. ಸೋರಿದ ಆಯಿಲ್ ಬ್ರೇಕ್ ಪ್ಯಾಡಿಗೆ ಇಳಿದಿದ್ದರೆ ಪ್ಯಾಡ್ ಬದಲಿಸಲೇಬೇಕು, ಡಿಸ್ಕನ್ನು ಬ್ರೇಕ್ ಕ್ಲೀನರ್ ಹಾಕಿ ಒರೆಸಬೇಕು. ಕೆಲಸ ಮುಗಿದ ಮೇಲೆ ಮೊದಲ ಬಾರಿ ಚೀಲ ಹೇರದೆ ಖಾಲಿ ಗಾಡಿ ಓಡಿಸಿ, ಟೀ ಬೋಲ್ಟುಗಳನ್ನೂ ಆಕ್ಸಲ್ಲನ್ನೂ ಮತ್ತೊಮ್ಮೆ ಬಿಗಿ ನೋಡಿಸಿ.