ರೀಟೇಲ್ ಪಾರ್ಕ್‌ನಿಂದ ಬಂದ ಖಾಸಗಿ ಪಾರ್ಕಿಂಗ್ ನೋಟಿಸ್: 60 ಪೌಂಡ್ ಕಟ್ಟಿಬಿಡಬೇಕೇ, ಮೇಲ್ಮನವಿ ಸಲ್ಲಿಸಬೇಕೇ?

ಪ್ರಶ್ನೆ (ಇಂಗ್ಲೆಂಡಿನ ರೆಡಿಂಗ್‌ನಿಂದ, 25 ಮೇ 2025)

ಎಲ್ಲರಿಗೂ ನಮಸ್ಕಾರ. ಮೇ 3ರ ಶನಿವಾರ ಇಲ್ಲಿಯ ಒಂದು ರೀಟೇಲ್ ಪಾರ್ಕ್‌ನಲ್ಲಿ (ದೊಡ್ಡ ಅಂಗಡಿಗಳ ಸಮುಚ್ಚಯ) ನಮ್ಮ ಕಾರು ಎರಡು ಗಂಟೆಯ ಉಚಿತ ಅವಧಿಯನ್ನು ಮೀರಿ ನಿಂತಿತ್ತೆಂದು ಖಾಸಗಿ ಪಾರ್ಕಿಂಗ್ ಕಂಪನಿಯೊಂದು ನೋಟಿಸ್ ಕಳಿಸಿದೆ. ಅದರಲ್ಲಿ ಕ್ಯಾಮೆರಾ ತೆಗೆದ ಎರಡು ಚಿತ್ರಗಳಿವೆ: ಒಳಗೆ ಬಂದದ್ದು 12:06ಕ್ಕೆ, ಹೊರಗೆ ಹೋದದ್ದು 14:25ಕ್ಕೆ. ಹತ್ತೊಂಬತ್ತು ನಿಮಿಷಕ್ಕೆ 100 ಪೌಂಡ್. 14 ದಿನಗಳೊಳಗೆ ಕಟ್ಟಿದರೆ 60 ಪೌಂಡ್. ಆ ದಿನ ವಿಂಡ್‌ಸ್ಕ್ರೀನ್ ಮೇಲೆ ಯಾವ ಚೀಟಿಯನ್ನೂ ಅಂಟಿಸಿರಲಿಲ್ಲ. ಪತ್ರದ ಮೇಲಿರುವ ತಾರೀಖು ಮೇ 15, ಗುರುವಾರ. ನಮ್ಮ ಮನೆಗೆ ಬಂದದ್ದು 20ರಂದು. ಕಾರು ನನ್ನ ಹೆಸರಿನಲ್ಲಿ ನೋಂದಣಿಯಾಗಿದೆ.

ತಡವಾದದ್ದಕ್ಕೆ ಕಾರಣವಿದೆ. ಹಾಸನದಿಂದ ಬಂದಿರುವ ನಮ್ಮ ತಾಯಿಯವರಿಗೆ ಹಲವು ವರ್ಷಗಳಿಂದ ಮಂಡಿಯ ಸಂಧಿವಾತವಿದೆ. ಅಂಗಡಿಯ ಬಾಗಿಲಿನಿಂದ ಕಾರಿಗೆ ಹೆಚ್ಚು ದೂರವಿರಲಿಲ್ಲ, ಆದರೂ ಟ್ರಾಲಿಗಳನ್ನು ನಿಲ್ಲಿಸುವ ಕಡೆ ಕಂಬಿಯನ್ನು ಹಿಡಿದುಕೊಂಡು ಅವರು ಎರಡು ಸಲ ನಿಂತರು. ಕಾರಿನ ಬಾಗಿಲು ತೆರೆದ ಮೇಲೂ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗಿಡಬೇಕಾಯಿತು. ಇದನ್ನೆಲ್ಲ ಪ್ರಾಮಾಣಿಕವಾಗಿ ತಿಳಿಸಿದರೆ ಅವರಿಗೂ ಅರ್ಥವಾದೀತು ಎಂಬ ಭರವಸೆಯಿಂದ ಕರಡನ್ನು ಮೊದಲು ಕನ್ನಡದಲ್ಲೇ ಬರೆದುಕೊಂಡಿದ್ದೇನೆ. ಅದು ‘ಅಂದು ನಾನು ಕಾರು ನಿಲ್ಲಿಸಿ ತಾಯಿಯವರನ್ನು ಅಂಗಡಿಗೆ ಕರೆದುಕೊಂಡು ಹೋದೆ’ ಎಂದು ಆರಂಭವಾಗುತ್ತದೆ.

ಮುಂದಿನ ವರ್ಷ ನಾವು ಕಾಯಂ ವಾಸದ ಅನುಮತಿಗೆ ಅರ್ಜಿ ಹಾಕಬೇಕಾಗಿದೆ. ಈ ದಂಡ ಅದಕ್ಕೆ ಅಡ್ಡಿಯಾಗುತ್ತದೆಯೇ? ಗೊಡವೆಯೇ ಬೇಡವೆಂದು 60 ಪೌಂಡ್ ಕಟ್ಟಿಬಿಡುವುದು ಒಳ್ಳೆಯದೇ?

ಉತ್ತರ (ಮಿಲ್ಟನ್ ಕೀನ್ಸ್‌ನಿಂದ)

ಮೇಡಂ, ದಯವಿಟ್ಟು ಈಗಲೇ ಹಣ ಕಟ್ಟಬೇಡಿ, ಆ ಕರಡನ್ನೂ ಕಳಿಸಬೇಡಿ. ನಿಮ್ಮ ಪತ್ರದ ತಾರೀಖುಗಳಲ್ಲೇ ನಿಮಗೆ ಬೇಕಾದ ವಾದವಿದೆ, ಮತ್ತು ಕರಡಿನ ಮೊದಲ ವಾಕ್ಯ ಅದನ್ನು ಕೈಯಾರೆ ಬಿಟ್ಟುಕೊಡುತ್ತದೆ.

ಮೊದಲಿಗೆ ‘ದಂಡ’ ಎಂಬ ಮಾತನ್ನು ಬಿಡೋಣ. ಕನ್ನಡದಲ್ಲಿ ನಾವು ಎಲ್ಲಕ್ಕೂ ದಂಡವೆಂದೇ ಹೇಳುತ್ತೇವೆ. ಇಲ್ಲಿಯ ಕಾನೂನಿನಲ್ಲಿ ಇವು ಬೇರೆ ಬೇರೆ. ಕೌನ್ಸಿಲ್ ಕಳಿಸುವುದು ‘ಪೆನಾಲ್ಟಿ ಚಾರ್ಜ್ ನೋಟಿಸ್’, ಅದರ ಹಿಂದೆ ಶಾಸನದ ಅಧಿಕಾರವಿದೆ. ನಿಮಗೆ ಬಂದಿರುವುದು ‘ಪಾರ್ಕಿಂಗ್ ಚಾರ್ಜ್ ನೋಟಿಸ್’. ಎರಡಕ್ಕೂ ಪಿಸಿಎನ್ ಎಂಬ ಒಂದೇ ಹ್ರಸ್ವರೂಪವಿರುವುದರಿಂದ ಜನ ಗೊಂದಲಕ್ಕೆ ಬೀಳುತ್ತಾರೆ. ಬೋರ್ಡಿನಲ್ಲಿರುವ ಷರತ್ತುಗಳನ್ನು ಒಪ್ಪಿ ಚಾಲಕ ಕಾರು ನಿಲ್ಲಿಸಿದ, ಆ ಕರಾರನ್ನು ಮುರಿದ, ಆದ್ದರಿಂದ ಹಣ ಕೊಡಬೇಕು ಎಂಬುದಷ್ಟೇ ಕಂಪನಿಯ ವಾದ. ಇದು ಅಪರಾಧವಲ್ಲ, ಸಿವಿಲ್ ವಿಚಾರ.

ಕರಾರು ಆಗಿದ್ದು ಚಾಲಕರೊಂದಿಗೆ, ಆದರೆ ಚಾಲಕರು ಯಾರೆಂಬುದು ಕಂಪನಿಗೆ ತಿಳಿಯದು. ವಾಹನ ನೋಂದಣಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿವಿಎಲ್‌ಎಗೆ ಎರಡೂವರೆ ಪೌಂಡ್ ಕೊಟ್ಟು ರಿಜಿಸ್ಟರ್ಡ್ ಕೀಪರ್ (ಕಾರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರು) ಆದ ನಿಮ್ಮ ಹೆಸರು ಮತ್ತು ವಿಳಾಸವನ್ನು ಅದು ಪಡೆದಿದೆ. ಚಾಲಕರು ಯಾರೆಂದು ತಿಳಿಯದಿದ್ದಾಗ ಕೀಪರ್‌ನಿಂದಲೇ ಹಣ ಕೇಳಲು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ‘ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಆಕ್ಟ್ 2012’ರ ನಾಲ್ಕನೆಯ ಪರಿಶಿಷ್ಟ ಅವಕಾಶ ಕೊಡುತ್ತದೆ, ಆದರೆ ಅದರ ಷರತ್ತುಗಳನ್ನು ಕಂಪನಿ ಚಾಚೂ ತಪ್ಪದೆ ಪಾಲಿಸಿದ್ದರೆ ಮಾತ್ರ. (ಸ್ಕಾಟ್ಲೆಂಡಿಗೆ ಈ ಪರಿಶಿಷ್ಟ ಅನ್ವಯಿಸುವುದಿಲ್ಲ.) ವಿಂಡ್‌ಸ್ಕ್ರೀನ್ ಮೇಲೆ ಚೀಟಿ ಅಂಟಿಸದೆ, ಕ್ಯಾಮೆರಾದ ಆಧಾರದ ಮೇಲೆ ಅಂಚೆಯಲ್ಲಿ ನೋಟಿಸ್ ಕಳಿಸುವ ಸಂದರ್ಭಕ್ಕೆ ಅದರ 9ನೆಯ ಪ್ಯಾರಾ ಇದೆ. ಅದರ ಪ್ರಕಾರ, ಕಾರು ನಿಂತಿದ್ದ ದಿನದ ಮರುದಿನದಿಂದ ಎಣಿಸಿ 14 ದಿನಗಳೊಳಗೆ ನೋಟಿಸ್ ಕೀಪರ್‌ಗೆ ತಲುಪಬೇಕು. ಅಷ್ಟರೊಳಗೆ ಕಳಿಸಿದ್ದರೆ ಸಾಲದು. ಅಂಚೆಗೆ ಹಾಕಿದ ದಿನದ ನಂತರದ ಎರಡನೆಯ ಕೆಲಸದ ದಿನ ಅದು ತಲುಪಿತೆಂದು, ಬೇರೆ ರೀತಿ ಸಾಬೀತಾಗದ ಹೊರತು, ಕಾನೂನು ಭಾವಿಸುತ್ತದೆ.

ಈಗ ಬೆರಳು ಮಡಿಚಿ ಎಣಿಸಿ. ಮೇ 4ರಿಂದ ಹದಿನಾಲ್ಕು ದಿನವೆಂದರೆ ಮೇ 17, ಶನಿವಾರಕ್ಕೆ ಗಡುವು ಮುಗಿಯಿತು. ಗುರುವಾರ 15ರಂದೇ ಅಂಚೆಗೆ ಹಾಕಿದ್ದಾರೆಂದು ಒಪ್ಪಿಕೊಂಡರೂ ಮೊದಲ ಕೆಲಸದ ದಿನ ಶುಕ್ರವಾರ 16. ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲ. ಎರಡನೆಯದು ಸೋಮವಾರ 19. ಕಂಪನಿಗೆ ಅನುಕೂಲವಾಗುವ ಲೆಕ್ಕದಲ್ಲೂ ನೋಟಿಸ್ ಎರಡು ದಿನ ತಡವಾಗಿದೆ. ಒಂದು ದಿನ ಮುಂಚೆ, ಬುಧವಾರ, ಅಂಚೆಗೆ ಹಾಕಿದ್ದರೆ ಈ ವಾದವೇ ಇರುತ್ತಿರಲಿಲ್ಲ.

ಆದ್ದರಿಂದ ಕೀಪರ್ ಎಂಬ ನೆಲೆಯಲ್ಲಿ ನಿಮ್ಮ ಮೇಲೆ ಹೊಣೆ ಬರುವುದಿಲ್ಲ. ಚಾರ್ಜ್ ರದ್ದಾಯಿತೆಂದು ಇದರ ಅರ್ಥವಲ್ಲ, ಚಾಲಕರ ಹೊಣೆ ಹಾಗೆಯೇ ಉಳಿದಿರುತ್ತದೆ. ನಿಮ್ಮ ಕರಡಿನ ‘ನಾನು ಕಾರು ನಿಲ್ಲಿಸಿ’ ಎಂಬ ಮಾತು ಅಪಾಯಕಾರಿಯಾಗುವುದು ಇದಕ್ಕೇ. ನಮ್ಮ ಭಾಷೆಯಲ್ಲಿ ‘ನಾನು’ ಬಿಟ್ಟರೂ ‘ನಿಲ್ಲಿಸಿದೆ’ ಎಂಬ ಕ್ರಿಯಾಪದವೇ ಎಲ್ಲವನ್ನೂ ಹೇಳಿಬಿಡುತ್ತದೆ. ‘ಕಾರನ್ನು ನಿಲ್ಲಿಸಲಾಗಿತ್ತು’, ‘ಕಾರಿನಲ್ಲಿದ್ದವರು’ ಎಂದು ಬರೆಯಿರಿ. ಸಾಧ್ಯವಾದರೆ ಇಲ್ಲಿರುವ ಆ ವಾಕ್ಯವನ್ನೂ ತೆಗೆದುಬಿಡಿ. ಇಂತಹ ಚರ್ಚೆಗಳನ್ನು ಕಂಪನಿಗಳೂ ಓದಬಲ್ಲವು.

ಉತ್ತರ (ಬ್ರಿಸ್ಟಲ್‌ನಿಂದ)

ಮೇಲಿನವರು ಹೇಳಿದ್ದು ಸರಿ, ಆದರೆ ಅದಕ್ಕಿಂತ ಸುಲಭದ ದಾರಿಯೊಂದನ್ನು ಮೊದಲು ನೋಡಿ. ಪಾರ್ಕಿಂಗ್ ಕಂಪನಿ ಜಾಗದ ಮಾಲೀಕರ ಅಥವಾ ಅಂಗಡಿಯ ಪರವಾಗಿ ಕೆಲಸ ಮಾಡುತ್ತದೆ, ಮತ್ತು ನೋಟಿಸ್ ರದ್ದುಪಡಿಸುವಂತೆ ಹೇಳುವ ಅವಕಾಶ ಅನೇಕ ಅಂಗಡಿಗಳ ವ್ಯವಸ್ಥಾಪಕರಿಗಿರುತ್ತದೆ. ಆ ದಿನದ ರಸೀದಿಯನ್ನೋ ಬ್ಯಾಂಕ್ ಸ್ಟೇಟ್‌ಮೆಂಟನ್ನೋ ಹಿಡಿದು ನೇರವಾಗಿ ಹೋಗಿ ಮಾತಾಡಿ. ತಾಯಿಯವರ ಮಂಡಿನೋವಿನ ವಿಷಯಕ್ಕೆ ತೂಕ ಬರುವುದು ಅಲ್ಲಿ. ಹನ್ನೆರಡು ತಿಂಗಳಿಗೂ ಮೀರಿ ದಿನನಿತ್ಯದ ಓಡಾಟಕ್ಕೆ ಗಣನೀಯ ತೊಂದರೆ ಕೊಡುವ ಕಾಯಿಲೆಯನ್ನು ‘ಈಕ್ವಾಲಿಟಿ ಆಕ್ಟ್ 2010’ ಅಂಗವೈಕಲ್ಯವೆಂದು ಪರಿಗಣಿಸುತ್ತದೆ. ಅಂಗವಿಕಲರಿಗೆ ಕೊಡುವ ಪಾರ್ಕಿಂಗ್ ಪರವಾನಗಿಯಾದ ಬ್ಲೂ ಬ್ಯಾಡ್ಜ್ ಇರಲೇಬೇಕೆಂದಿಲ್ಲ. ಅಂಥವರಿಗೆ ಸಮಂಜಸವಾದ ಅನುಕೂಲ ಕಲ್ಪಿಸುವ ಕರ್ತವ್ಯ ಸೇವೆ ಒದಗಿಸುವವರ ಮೇಲಿದೆ. ನನ್ನ ಮಾವನವರ ವಿಷಯದಲ್ಲಿ ಅಂಗಡಿಯವರು ಒಂದೇ ಇಮೇಲ್‌ನಲ್ಲಿ ಚಾರ್ಜ್ ರದ್ದು ಮಾಡಿಸಿಕೊಟ್ಟರು.

ಅಂಗಡಿಯವರ ಉತ್ತರಕ್ಕೆ ಕಾಯುತ್ತಾ, ಕಂಪನಿಗೆ ಮೇಲ್ಮನವಿ ಸಲ್ಲಿಸಲು ಇರುವ 28 ದಿನಗಳನ್ನು ಮಾತ್ರ ಕಳೆದುಕೊಳ್ಳಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಆ ವಾಕ್ಯವನ್ನು ತೆಗೆಯಲು ಪ್ರಯತ್ನಿಸಿದೆ, ಸಮಯ ಮೀರಿದ್ದರಿಂದ ಆಗಲಿಲ್ಲ. ನನ್ನದು ಎರಡು ಸಂಶಯ. ಚಾಲಕರು ಯಾರೆಂದು ಹೇಳದಿರುವುದು ಸುಳ್ಳು ಹೇಳಿದ ಹಾಗಾಗುವುದಿಲ್ಲವೇ? ನನ್ನ ಮನಸ್ಸು ಅದಕ್ಕೆ ಒಪ್ಪುತ್ತಿಲ್ಲ. ಇನ್ನು, ಹತ್ತೊಂಬತ್ತು ನಿಮಿಷಕ್ಕೆ 100 ಪೌಂಡ್ ಎನ್ನುವುದೇ ಅನ್ಯಾಯವಲ್ಲವೇ, ಆ ವಾದವನ್ನೇಕೆ ಮುಂದಿಡಬಾರದು? ಇಲ್ಲಿಯ ಸಹೋದ್ಯೋಗಿಯೊಬ್ಬರು ಇಂತಹ ಪತ್ರಗಳನ್ನು ಕಸದ ಬುಟ್ಟಿಗೆ ಹಾಕಿ ಸುಮ್ಮನಿರಿ ಎನ್ನುತ್ತಾರೆ.

ಉತ್ತರ (ಕೊವೆಂಟ್ರಿಯಿಂದ)

ಸುಮ್ಮನಿರಬೇಡಿ ಮೇಡಂ. ನಾನು ಅದನ್ನೇ ಮಾಡಿ ಅನುಭವಿಸಿದ್ದೇನೆ. ಮೊದಲ ಎರಡು ಪತ್ರಗಳನ್ನು ಓದಿ ಮಡಿಚಿಟ್ಟೆ. ಅಷ್ಟರಲ್ಲಿ ಮನೆ ಬದಲಾಯಿಸಿದೆ, ಕಾರಿನ ನೋಂದಣಿ ಪತ್ರವಾದ ವಿ5ಸಿಯಲ್ಲಿ ವಿಳಾಸ ಬದಲಿಸುವುದನ್ನು ಮರೆತೆ. ಕೌಂಟಿ ಕೋರ್ಟಿನ ಕ್ಲೇಮ್ ಫಾರ್ಮ್ ಹಳೆಯ ಮನೆಗೆ ಹೋಯಿತು. ಉತ್ತರ ಹೋಗದ ಕಾರಣ ನನ್ನ ಗೈರುಹಾಜರಿಯಲ್ಲೇ ತೀರ್ಪಾಯಿತು. ಮಾರ್ಟ್‌ಗೇಜ್‌ಗೆ ಅರ್ಜಿ ಹಾಕಿದ ದಿನವೇ ನನ್ನ ಹೆಸರಿನಲ್ಲಿ ಸಿಸಿಜೆ (ಕೌಂಟಿ ಕೋರ್ಟಿನ ಸಾಲದ ತೀರ್ಪು) ಇದೆಯೆಂದು ತಿಳಿದದ್ದು. ಒಂದು ತಿಂಗಳೊಳಗೆ ಪೂರ್ತಿ ಹಣ ಕಟ್ಟಿದ್ದರೆ ದಾಖಲೆಯಿಂದಲೇ ತೆಗೆಯುತ್ತಿದ್ದರು. ಆ ಅವಧಿ ದಾಟಿದರೆ ಆರು ವರ್ಷ ಉಳಿಯುತ್ತದೆ. ತೀರ್ಪನ್ನು ರದ್ದುಪಡಿಸಿಕೊಳ್ಳಲು ಮೂಲ ಚಾರ್ಜಿಗಿಂತ ಹೆಚ್ಚಿನ ಶುಲ್ಕ ಕಟ್ಟಿ ಅರ್ಜಿ ಹಾಕಬೇಕಾಯಿತು. ನಿಮ್ಮ ಕಾಯಂ ವಾಸದ ಚಿಂತೆಗೂ ಉತ್ತರ ಇದೇ: ಈ ನೋಟಿಸ್‌ನಿಂದ ವೀಸಾಕ್ಕೆ ಏನೂ ಆಗದು, ನಿಮ್ಮ ಕಣ್ಣು ತಪ್ಪಿಸಿ ತೀರ್ಪಾಗಲು ಬಿಡಬಾರದು ಅಷ್ಟೇ.

ಉತ್ತರ (ಮಿಲ್ಟನ್ ಕೀನ್ಸ್‌ನಿಂದ)

ಮೇಡಂ, ನಿಮ್ಮ ಮೊದಲ ಸಂಶಯವನ್ನು ನಾನು ಗೌರವಿಸುತ್ತೇನೆ. ‘ಚಾಲಕಿ ನಾನಲ್ಲ’ ಎಂದು ಬರೆದರೆ ಅದು ಸುಳ್ಳಾಗುತ್ತದೆ, ಹಾಗೆ ಯಾರೂ ಎಂದೂ ಬರೆಯಬಾರದು. ಆದರೆ ನಿಮ್ಮನ್ನು ಹೊಣೆಗಾರರನ್ನಾಗಿಸಲು ಏನು ಮಾಡಬೇಕೆಂದು ಸಂಸತ್ತು ಕಂಪನಿಗೆ ತಿಳಿಸಿದೆ. ಅದನ್ನು ಮಾಡಿಲ್ಲವೆಂದು ತೋರಿಸುವುದರಲ್ಲಿ ತಪ್ಪೇನೂ ಇಲ್ಲ. ಪೊಲೀಸರು ಅತಿವೇಗದ ಪ್ರಕರಣದಲ್ಲಿ ಕೇಳಿದಾಗ ಚಾಲಕರ ಹೆಸರನ್ನು ಹೇಳಲೇಬೇಕು. ಖಾಸಗಿ ಕಂಪನಿ ಕೇಳಿದರೆ ಅಂತಹ ಬಾಧ್ಯತೆಯಿಲ್ಲ. ಪ್ರಕರಣ ಮುಂದೆ ಎಂದಾದರೂ ಕೋರ್ಟಿಗೆ ಹೋಗಿ ಅಲ್ಲಿ ನೇರವಾಗಿ ಕೇಳಿದರೆ ನಿಜವನ್ನೇ ಹೇಳಬೇಕು.

ಮೊತ್ತ ಅನ್ಯಾಯವೆಂಬ ವಾದ ಈಗ ನಿಲ್ಲುವುದು ಕಷ್ಟ. ಚೆಲ್ಮ್ಸ್‌ಫರ್ಡ್‌ನ ಒಂದು ರೀಟೇಲ್ ಪಾರ್ಕ್‌ನಲ್ಲಿ ಎರಡು ಗಂಟೆಯ ಮೇಲೆ 56 ನಿಮಿಷ ನಿಂತದ್ದಕ್ಕೆ ಕೇಳಿದ 85 ಪೌಂಡ್ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಪಾರ್ಕಿಂಗ್‌ಐ ವಿರುದ್ಧ ಬೀವಿಸ್ ಎಂಬ ಆ ಪ್ರಕರಣದಲ್ಲಿ, 2015ರ ನವೆಂಬರ್ 4ರಂದು, ಜಾಗ ಎಲ್ಲರಿಗೂ ಸಿಗುವಂತೆ ನೋಡಿಕೊಳ್ಳುವ ನ್ಯಾಯಯುತ ಹಿತಾಸಕ್ತಿ ಕಂಪನಿಗಿದೆ, ಮೊತ್ತ ವಿಪರೀತವಲ್ಲ ಎಂದು ತೀರ್ಪಾಯಿತು. ಆದರೆ ಅಲ್ಲಿ ಬೋರ್ಡುಗಳು ದೊಡ್ಡದಾಗಿ, ಸ್ಪಷ್ಟವಾಗಿದ್ದವು ಎಂಬುದನ್ನು ನ್ಯಾಯಾಲಯ ಗಮನಿಸಿತ್ತು. ನಿಮ್ಮ ರೀಟೇಲ್ ಪಾರ್ಕ್‌ಗೆ ಒಮ್ಮೆ ಹೋಗಿ ಬೋರ್ಡುಗಳ ಚಿತ್ರ ತೆಗೆದಿಟ್ಟುಕೊಳ್ಳಿ. ಕ್ಯಾಮೆರಾ ತೋರಿಸುವುದು ಗೇಟಿನ ಸಮಯವನ್ನು, ನಿಂತ ಸಮಯವನ್ನಲ್ಲ. ಅವಧಿಯ ಕೊನೆಗೆ ಹತ್ತು ನಿಮಿಷಗಳ ರಿಯಾಯಿತಿಯೂ ಈ ಉದ್ಯಮದ ನೀತಿಸಂಹಿತೆಯಲ್ಲಿದೆ. ಹತ್ತೊಂಬತ್ತು ನಿಮಿಷವನ್ನು ಅದು ಪೂರ್ತಿ ಮುಚ್ಚುವುದಿಲ್ಲವಾದ್ದರಿಂದ ಇದನ್ನು ಎರಡನೆಯ ವಾದವಾಗಿಯೇ ಇಡಿ.

ಕಂಪನಿ ನಿಮ್ಮ ಮನವಿಯನ್ನು ತಿರಸ್ಕರಿಸುವ ಸಾಧ್ಯತೆಯೇ ಹೆಚ್ಚು, ಅದರಿಂದ ಎದೆಗುಂದಬೇಡಿ. ಅದು ಬಿಪಿಎ (ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್) ಎಂಬ ಉದ್ಯಮ ಸಂಘದ ಸದಸ್ಯ ಕಂಪನಿಯಾಗಿದ್ದರೆ ತಿರಸ್ಕಾರದ ಪತ್ರದಲ್ಲಿ ಪಾಪ್ಲಾ ಎಂಬ ಮೇಲ್ಮನವಿ ಸೇವೆಯ ಸಂಕೇತಸಂಖ್ಯೆ ಇರುತ್ತದೆ, ಅದನ್ನು 28 ದಿನಗಳೊಳಗೆ ಬಳಸಬೇಕು. ವಾಹನ ಸವಾರರಿಗೆ ಅದಕ್ಕೆ ಶುಲ್ಕವಿಲ್ಲ. ಕಂಪನಿ ತನ್ನ ಸಾಕ್ಷ್ಯವನ್ನು ಹಾಕಿದ ಮೇಲೆ ಪ್ರತಿಕ್ರಿಯಿಸಲು ನಿಮಗೆ ಏಳು ದಿನ ಸಿಗುತ್ತದೆ. ‘ಚಾಲಕರು ಯಾರೆಂಬುದಕ್ಕೆ ಸಾಕ್ಷ್ಯವಿಲ್ಲ, ನೋಟಿಸ್ ತಲುಪಿದ್ದು ತಡ’ ಎಂಬ ಎರಡೇ ಮಾತನ್ನು ಅಲ್ಲಿ ಮತ್ತೆ ಹೇಳಿ. ತೀರ್ಪು ನಿಮ್ಮ ಕಡೆಗಾದರೆ ಕಂಪನಿ ಒಪ್ಪಲೇಬೇಕು. ವಿರುದ್ಧವಾದರೆ ಅದು ನಿಮ್ಮನ್ನು ಕಟ್ಟಿಹಾಕುವುದಿಲ್ಲ, ಹಣ ಬೇಕೆಂದರೆ ಕಂಪನಿ ಕೋರ್ಟಿಗೇ ಹೋಗಬೇಕು. 60 ಪೌಂಡಿನ ರಿಯಾಯಿತಿ ಮಾತ್ರ ಪಾಪ್ಲಾಗೆ ಹೋದ ಮೇಲೆ ಸಿಗುವುದಿಲ್ಲ. ನಿಮ್ಮ ತಾರೀಖುಗಳನ್ನು ನೋಡಿದರೆ ನಾನಾಗಿದ್ದರೆ ಹೋಗಿಯೇ ಹೋಗುತ್ತಿದ್ದೆ.

ಪ್ರಶ್ನೆ ಕೇಳಿದವರು (27 ಮೇ)

ಅಂಗಡಿಯ ವ್ಯವಸ್ಥಾಪಕರನ್ನು ನಿನ್ನೆ ಕಂಡು ರಸೀದಿಯ ಪ್ರತಿ ಕೊಟ್ಟು ಬಂದೆ, ವಿಚಾರಿಸಿ ತಿಳಿಸುತ್ತೇನೆಂದಿದ್ದಾರೆ. ಕಂಪನಿಗೆ ಬರೆಯುವ ಪತ್ರವನ್ನು ಹೀಗೆ ತಿದ್ದಿಕೊಂಡಿದ್ದೇನೆ: ‘ನಾನು ಈ ವಾಹನದ ರಿಜಿಸ್ಟರ್ಡ್ ಕೀಪರ್. ಮೇ 3ರ ಘಟನೆಗೆ ಸಂಬಂಧಿಸಿದ ನಿಮ್ಮ ನೋಟಿಸ್‌ನ ತಾರೀಖು ಮೇ 15. ಅದು ಮೇ 19ಕ್ಕಿಂತ ಮುಂಚೆ ತಲುಪಿತೆಂದು ಭಾವಿಸಲು ಅವಕಾಶವಿಲ್ಲ. 14 ದಿನಗಳ ಅವಧಿ ಮೇ 17ಕ್ಕೆ ಮುಗಿದಿದೆ. ಆದ್ದರಿಂದ 2012ರ ಕಾಯಿದೆಯ ಪ್ರಕಾರ ಕೀಪರ್‌ನಿಂದ ಈ ಮೊತ್ತವನ್ನು ವಸೂಲು ಮಾಡಲು ಬರುವುದಿಲ್ಲ. ಚಾಲಕರ ಹೆಸರನ್ನು ತಿಳಿಸುವ ಬಾಧ್ಯತೆ ನನಗಿಲ್ಲ. ಚಾರ್ಜನ್ನು ರದ್ದುಪಡಿಸಿ, ಇಲ್ಲವೇ ಪಾಪ್ಲಾ ಸಂಕೇತಸಂಖ್ಯೆಯನ್ನು ಕಳಿಸಿ.’

ಉತ್ತರ (ಮಿಲ್ಟನ್ ಕೀನ್ಸ್‌ನಿಂದ)

ಇಷ್ಟೇ ಸಾಕು, ಒಂದು ಪದವನ್ನೂ ಸೇರಿಸಬೇಡಿ. ಅವರ ಜಾಲತಾಣದಲ್ಲಿ ಸಲ್ಲಿಸುವಾಗ ‘ನೀವು ಚಾಲಕರೇ, ಕೀಪರ್‌ರೇ’ ಎಂದು ಕೇಳುವ ಕಡೆ ‘ಕೀಪರ್’ ಎಂಬುದನ್ನೇ ಆರಿಸಿ, ಸಲ್ಲಿಸಿದ ಮೇಲೆ ಬರುವ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ನೋಟಿಸ್ ಬಂದ ಲಕೋಟೆಯನ್ನು ಎಸೆದಿಲ್ಲ ತಾನೇ? ಅದನ್ನೂ ಜೋಪಾನವಾಗಿಡಿ.